ಎಲೆಕ್ಟ್ರಿಕ್ ಕಾರಿನ ಮುಂದಿನ ಶಾಕಪ್ ಬೇರಿಂಗ್ ಬದಲಿಸುವ ಬಗೆ

ನಿಂತ ಗಾಡಿಯಲ್ಲಿ ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ಎಳೆದಾಗ ಬಾನೆಟ್ ಮೂಲೆಯಿಂದ ‘ಟಣ್’ ಎಂದು ಸ್ಪ್ರಿಂಗ್ ಜಾರಿದ ಸದ್ದು ಬಂದರೆ, ಮೊದಲು ಅನುಮಾನ ಪಡಬೇಕಾದ್ದು ಶಾಕಪ್ ತಲೆಯ ಮೇಲೆ ಕೂತಿರುವ ಬೇರಿಂಗ್ ಮೇಲೆ. ಡೀಸೆಲ್ ಗಾಡಿಯಲ್ಲಿ ಈ ಸದ್ದು ಎಂಜಿನ್ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಮುಚ್ಚಿಡಲು ಬೇರೆ ಸದ್ದೇ ಇಲ್ಲ.

ಟಾಟಾ ನೆಕ್ಸಾನ್ ಇವಿ, ಟಿಯಾಗೊ ಇವಿ, ಎಂಜಿ ಜೆಡ್‌ಎಸ್ ಇವಿ ಎಲ್ಲದರಲ್ಲೂ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕಪ್ಪೂ ಸ್ಪ್ರಿಂಗೂ ಒಂದೇ ಕಂಬವಾಗಿ ಕೂಡಿದ ಜೋಡಣೆ. ಸ್ಟೀರಿಂಗಿಗೆ ಚಕ್ರ ಎಡಬಲಕ್ಕೆ ತಿರುಗಿದರೆ ಅದರ ಜೊತೆ ಶಾಕಪ್ಪೂ ಸ್ಪ್ರಿಂಗೂ ತಿರುಗುತ್ತವೆ. ಆದರೆ ಮೇಲಿನ ರಬ್ಬರ್ ಮೌಂಟಿಂಗ್ ಬಾಡಿಗೆ ಬಿಗಿದಿರುವುದರಿಂದ ಅದು ತಿರುಗುವುದಿಲ್ಲ. ತಿರುಗುವುದಕ್ಕೂ ತಿರುಗದಿರುವುದಕ್ಕೂ ನಡುವೆ ಇರುವುದೇ ಈ ಬೇರಿಂಗ್. ಅದು ಜಾಮ್ ಆದರೆ ಸ್ಪ್ರಿಂಗಿನ ಕೆಳತುದಿ ಚಕ್ರದ ಜೊತೆ ಹೋಗುತ್ತದೆ, ಮೇಲ್ತುದಿ ಹಿಡಿದುಕೊಂಡು ನಿಲ್ಲುತ್ತದೆ. ನಡುವಿನ ಸುರುಳಿ ಮುರಿಗೆ ತಿಂದು ಒಮ್ಮೆಲೇ ಬಿಡುತ್ತದೆ. ಆ ‘ಟಣ್’ ಅದೇ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದಿರುವುದೂ ಇದೇ ಕಾಯಿಲೆಯ ಲಕ್ಷಣ.

ನಮ್ಮ ಕಡೆ ಇದು ಬೇಗ ಕೆಡಲು ಕಾರಣಗಳಿವೆ. ವಿಜಯಪುರ, ಬಾಗಲಕೋಟೆಯ ಎರೆ ಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ಬೇರಿಂಗಿನ ಸೀಲ್ ಸ್ವಲ್ಪ ಸಡಿಲವಾದರೂ ಒಳಗೆ ಹೋಗಿ ಗ್ರೀಸ್ ಜೊತೆ ಸೇರಿ ಗಟ್ಟಿಯಾಗುತ್ತದೆ. ಕಬ್ಬು ನುರಿಸುವ ಕಾಲದಲ್ಲಿ ಮುಧೋಳ, ಜಮಖಂಡಿ ಸುತ್ತ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಸ್ತೆಯ ಅಂಚನ್ನು ತಿಂದುಹಾಕಿರುತ್ತವೆ. ಬೆಳಗಾವಿ, ಖಾನಾಪುರ ಕಡೆ ಧೂಳಿಗಿಂತ ಮಳೆಯ ಕಾಟ ಹೆಚ್ಚು: ವೈಪರ್ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯಾದ ಕೌಲ್‌ನಿಂದ ಇಳಿದ ನೀರು ಶಾಕಪ್ ತಲೆಯಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಇದೆಲ್ಲದರ ಮೇಲೆ ಬ್ಯಾಟರಿಯ ಭಾರ ಬೇರೆ. 30.2 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮೊದಲ ನೆಕ್ಸಾನ್ ಇವಿ ಸುಮಾರು 1400 ಕೆಜಿ ತೂಗುತ್ತದೆ. ಅದೇ ಹೆಸರಿನ ಪೆಟ್ರೋಲ್ ಗಾಡಿ ಅಷ್ಟು ಭಾರವಿಲ್ಲ.

ಬಿಚ್ಚುವ ಮೊದಲು ಖಾತ್ರಿ ಮಾಡಿಕೊಳ್ಳಿ

ಗಾಡಿ ನೆಲದ ಮೇಲೆಯೇ ಇರಲಿ. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಲಿ. ಇನ್ನೊಬ್ಬರು ಚಕ್ರದ ಮೇಲಿನ ಸಂದಿಯಿಂದ ಕೈ ಹಾಕಿ ಸ್ಪ್ರಿಂಗಿನ ಹೊರಮೈಗೆ ಅಂಗೈ ತಾಗಿಸಲಿ. ಸುರುಳಿಗಳ ನಡುವೆ ಬೆರಳು ಹೋಗಕೂಡದು. ಒಳ್ಳೆಯ ಬೇರಿಂಗ್ ಆದರೆ ಸ್ಪ್ರಿಂಗ್ ಚಕ್ರದ ಜೊತೆ ಎಣ್ಣೆ ಹಚ್ಚಿದಂತೆ ಸಲೀಸಾಗಿ ತಿರುಗುತ್ತದೆ. ಕೆಟ್ಟಿದ್ದರೆ ಮೊದಲು ನಡುಕ, ಆಮೇಲೆ ನಿಲುಗಡೆ, ಆಮೇಲೆ ಅಂಗೈಗೆ ಹೊಡೆದಂತೆ ಒಂದು ಜಿಗಿತ. ಈ ಜಿಗಿತ ಕೈಗೆ ಸಿಕ್ಕಿತೆಂದರೆ ಬೇರೆ ಪರೀಕ್ಷೆ ಬೇಡ.

ಸಿಗದಿದ್ದರೆ ದೋಷ ಬೇರೆ ಕಡೆ ಇದೆ. ನೇರ ಹೋಗುವಾಗ ಹಂಪ್, ಗುಂಡಿಗಳಲ್ಲಿ ಕಟಕಟ ಅನ್ನುವುದು ಬಹುತೇಕ ಸ್ಟೆಬಿಲೈಜರ್ ಲಿಂಕ್. ಪೂರ್ತಿ ತಿರುಗಿಸಿಕೊಂಡು ಆಕ್ಸಿಲರೇಟರ್ ಒತ್ತಿದಾಗ ಟಕಟಕ ಬಂದರೆ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್. ಬ್ರೇಕ್ ಹಿಡಿದಾಗ ಮಾತ್ರ ‘ದಡ್’ ಅಂದರೆ ಲೋವರ್ ಆರ್ಮ್ ಬುಷ್. ಬೇರಿಂಗ್ ಮಾತ್ರ ಹೋಗಿರುವ ಗಾಡಿಗೂ ಜೋಡಿ ಶಾಕಪ್ಪನ್ನೇ ಬದಲಿಸಿ ಬಿಲ್ ಕೊಡುವ ಗ್ಯಾರೇಜುಗಳಿಗೆ ಕೊರತೆಯಿಲ್ಲ. ಶಾಕಪ್ ಕೊಳವೆ ಒಣಗಿದ್ದು, ಬಾನೆಟ್ ಮೂಲೆ ಒತ್ತಿ ಬಿಟ್ಟಾಗ ಗಾಡಿ ಒಂದೇ ಸಲ ಎದ್ದು ನಿಂತರೆ ಆ ಶಾಕಪ್ ಇನ್ನೂ ಓಡುತ್ತದೆ.

ತರಬೇಕಾದ್ದು

ಎರಡೂ ಕಡೆಗೆ ಸೇರಿ 2 ಬೇರಿಂಗ್, 2 ಹೊಸ ಸೆಂಟರ್ ನಟ್ (ಶಾಕಪ್ ತಲೆಯ ನಡುವಿನ ದೊಡ್ಡ ನಟ್), ಚಕ್ರ ಹಿಡಿದಿರುವ ಲೋಹದ ಭಾಗವಾದ ನಕಲ್‌ಗೆ 4 ಹೊಸ ನಟ್. ಸೆಂಟರ್ ನಟ್ ಸೆಲ್ಫ್ ಲಾಕಿಂಗ್ ಜಾತಿಯದ್ದು, ಒಮ್ಮೆ ಬಿಚ್ಚಿದರೆ ಅದರ ಹಿಡಿತ ಹೋಯಿತು. ಹಳೆಯದನ್ನೇ ತಿರುಗಿ ಹಾಕಿದ ಗಾಡಿಗಳೇ ಮರಳಿ ಸದ್ದು ಮಾಡುತ್ತ ಬರುವುದು. ರಬ್ಬರ್ ಮೌಂಟಿಂಗಿನಲ್ಲಿ ಬಿರುಕಿದ್ದರೆ, ಅಥವಾ ರಬ್ಬರ್ ಲೋಹದಿಂದ ಬಿಟ್ಟುಕೊಂಡಿದ್ದರೆ ಅದನ್ನೂ ಜೋಡಿಯಾಗಿಯೇ ತನ್ನಿ. ಶಾಕಪ್ ಪೂರ್ತಿ ಒತ್ತಿಹೋದಾಗ ಪೆಟ್ಟು ತಡೆಯುವ ಒಳಗಿನ ಬಂಪ್ ಸ್ಟಾಪ್ ಮುಟ್ಟಿದರೆ ಪುಡಿಯಾಗುವಂತಿದ್ದರೆ ಈಗಲೇ ಬದಲಿಸಿ. ಸ್ಪ್ರಿಂಗ್ ಇನ್ನೊಮ್ಮೆ ಬಿಚ್ಚುವ ಕೆಲಸ ಯಾರಿಗೂ ಬೇಡ. ಒಂದೇ ಕಡೆ ಬದಲಿಸಿದರೆ ಎಡಬಲದ ಸ್ಟೀರಿಂಗ್ ಹಿಡಿತದಲ್ಲಿ ವ್ಯತ್ಯಾಸ ಉಳಿದು ಗಾಡಿ ಒಂದು ಕಡೆಗೆ ಎಳೆಯಬಹುದು.

ಸಾಮಾನು: ಜ್ಯಾಕ್, ಎರಡು ಗಟ್ಟಿ ಸ್ಟ್ಯಾಂಡ್, ಸ್ಪ್ರಿಂಗ್ ಒತ್ತಿ ಹಿಡಿಯಲು ಸೇಫ್ಟಿ ಪಿನ್ ಇರುವ ಸ್ಪ್ರಿಂಗ್ ಕಂಪ್ರೆಸರ್ ಜೋಡಿ, ಸಾಕೆಟ್ ಸೆಟ್, ಅಲೆನ್ ಕೀ, ಅಳತೆಗೆ ತಕ್ಕಂತೆ ಬಿಗಿಯುವ ಟಾರ್ಕ್ ಪಾನಾ, ಬಿಳಿ ಪೇಂಟ್ ಪೆನ್, ಕಟ್ಟಲು ತಂತಿ. ಇದರ ಜೊತೆ ಸೆಂಟರ್ ನಟ್ಟಿಗೆ ನಡುವೆ ತೂತಿರುವ ಸಾಕೆಟ್ ಬೇಕು. ನಟ್ ತಿರುಗಿಸುವಾಗ ಅದರೊಳಗಿಂದ ಅಲೆನ್ ಕೀ ಇಳಿಸಿ ಶಾಕಪ್ಪಿನ ರಾಡ್ ಹಿಡಿಯಬೇಕಲ್ಲ. ಅಂಗಡಿಯಲ್ಲಿ ಸಿಗದಿದ್ದರೆ ಉದ್ದ ಹಳೆಯ ಸಾಕೆಟ್ ಒಂದನ್ನು ಬೆಳಗಾವಿಯ ಉದ್ಯಮಬಾಗದ ಲೇಥ್ ಅಂಗಡಿಗೆ ಕೊಟ್ಟು, ನಡುವಿನ ಚೌಕ ತೂತನ್ನು ಅಲೆನ್ ಕೀ ದಾಟುವಷ್ಟು ದೊಡ್ಡದು ಮಾಡಿಸಿ, ಹೊರಮೈಯಲ್ಲಿ ಪಾನಾ ಹಿಡಿಯಲು ಎರಡು ಚಪ್ಪಟೆ ಮುಖ ತೆಗೆಸಿಕೊಳ್ಳಿ. ಒಳ್ಳೆಯ ಗ್ಯಾರೇಜಿನವರ ಪೆಟ್ಟಿಗೆಯಲ್ಲಿ ಇಂಥದೊಂದು ಇದ್ದೇ ಇರುತ್ತದೆ.

ಎಲೆಕ್ಟ್ರಿಕ್ ಗಾಡಿಯ ಎಚ್ಚರ

ಈ ಕೆಲಸದಲ್ಲಿ ಹೈ ವೋಲ್ಟೇಜ್ ಭಾಗ ಬಿಚ್ಚುವ ಅಗತ್ಯವೇ ಬರುವುದಿಲ್ಲ. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ, ಅದರ ಮೇಲೆ ಸಾಮಾನು ಇಡಬೇಡಿ. ಚಾರ್ಜಿಂಗ್ ಗನ್ ತೆಗೆದಿರಲಿ, ಗಾಡಿ ಪೂರ್ತಿ ಆಫ್ ಆಗಿರಲಿ, ಕೀಯನ್ನು ಮನೆಯೊಳಗೆ ಇಡಿ. ಮೋಟಾರ್ ಸದ್ದಿಲ್ಲದೆ ಚಾಲೂ ಆಗುವ ಗಾಡಿ ಇದು, ‘ರೆಡಿ’ ಸ್ಥಿತಿಯಲ್ಲಿ ನಿಂತಿದ್ದರೆ ಹೊರಗಿನವರಿಗೆ ತಿಳಿಯುವುದಿಲ್ಲ.

ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ. ಮುಂದಿನ ಚಕ್ರ ಓಡಿಸುವ ಗಾಡಿಯಲ್ಲಿ ‘ಪಿ’ ಒತ್ತಿದರೆ ಲಾಕ್ ಬೀಳುವುದು ಮುಂದೆ ಮಾತ್ರ. ಮುಂದಿನ ಎರಡೂ ಚಕ್ರ ಎತ್ತಿದ ಕ್ಷಣ ಆ ಲಾಕ್ ಕೆಲಸಕ್ಕೆ ಬಾರದು. ಆಮೇಲೆ ಗಾಡಿಯನ್ನು ಹಿಡಿದಿರುವುದು ಹ್ಯಾಂಡ್ ಬ್ರೇಕ್ ಒಂದೇ. ಹಾಗಾಗಿ ಹಿಂದಿನ ಚಕ್ರಗಳ ಎರಡೂ ಬದಿಗೆ ಕಲ್ಲು ಇಲ್ಲವೆ ಕಟ್ಟಿಗೆ ತುಂಡು ಒತ್ತಿ ಇಡಿ. ಜ್ಯಾಕ್ ಇಡುವುದು ಬಾಗಿಲ ಕೆಳಗಿನ ಗುರುತಿನ ಜಾಗದಲ್ಲಿ ಮಾತ್ರ. ನಡುವೆ ಚಪ್ಪಟೆಯಾಗಿ ಕಾಣುವುದು ಬ್ಯಾಟರಿಯ ಪೆಟ್ಟಿಗೆ. ಅದರ ಮೇಲೆ ಜ್ಯಾಕ್ ತಗ್ಗು ಬೀಳಿಸಿದರೆ ಬೇರಿಂಗಿನ ಖರ್ಚು ಮರೆತೇಹೋಗುವಷ್ಟು ದೊಡ್ಡ ಬಿಲ್ ಬರುತ್ತದೆ.

ಶಾಕಪ್ ಹೊರಗೆ ತೆಗೆಯುವುದು

ಚಕ್ರದ ನಟ್ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಎರಡೂ ಕಡೆ ಒಂದೇ ಸಲ ಎತ್ತಿ ಸ್ಟ್ಯಾಂಡ್ ಕೊಡಿ. ಒಂದೇ ಕಡೆ ಎತ್ತಿದರೆ ಸ್ಟೆಬಿಲೈಜರ್ ಬಾರ್ ಮುರಿಗೆಯಲ್ಲಿದ್ದು ಲಿಂಕ್ ಬಿಚ್ಚುವುದೂ ಕಷ್ಟ, ಹಾಕುವುದೂ ಕಷ್ಟ.

ಶಾಕಪ್ಪಿಗೆ ಅಂಟಿಕೊಂಡ ಬ್ರೇಕ್ ಪೈಪಿನ ಬ್ರಾಕೆಟ್, ಎಬಿಎಸ್ ವೈರಿನ ಕ್ಲಿಪ್ ಬಿಡಿಸಿ. ವೈರ್ ಎಳೆಯಬೇಡಿ. ಚಕ್ರದ ಸೆನ್ಸರ್ ವೈರ್ ಕಿತ್ತರೆ ಎಬಿಎಸ್ ದೀಪ ಹತ್ತುವುದಷ್ಟೇ ಅಲ್ಲ, ಎಷ್ಟೋ ಗಾಡಿಗಳಲ್ಲಿ ರೀಜನ್ (ವೇಗ ಇಳಿಸುವಾಗ ಮೋಟಾರ್ ಬ್ಯಾಟರಿಗೆ ಚಾರ್ಜ್ ಕೊಡುವುದು) ಕೂಡ ನಿಲ್ಲುತ್ತದೆ. ಲಿಂಕಿನ ನಟ್ ತೆಗೆಯುವಾಗ ಬೋಲ್ಟೂ ಜೊತೆಗೆ ತಿರುಗಿದರೆ ಅದರ ತುದಿಯಲ್ಲಿ ಅಲೆನ್ ಕೀ ಹಾಕಿ ಹಿಡಿಯಿರಿ.

ಶಾಕಪ್ ಕೆಳಗೆ ನಕಲ್‌ಗೆ ಎರಡು ದಪ್ಪ ಬೋಲ್ಟ್ ಇರುತ್ತವೆ. ತೆಗೆಯುವ ಮೊದಲು ಶಾಕಪ್ ಪಟ್ಟಿಯ ಮೇಲೂ ನಕಲ್ ಮೇಲೂ ಸೇರಿಸಿ ಬಿಳಿ ಗೆರೆ ಎಳೆಯಿರಿ. ಈ ತೂತುಗಳಲ್ಲಿ ಸ್ವಲ್ಪ ಜಾಗ ಇರುತ್ತದೆ, ಚಕ್ರದ ಕ್ಯಾಂಬರ್ (ಒಳಗೆ ಹೊರಗೆ ವಾಲಿರುವ ಕೋನ) ಅಲ್ಲೇ ನಿರ್ಧಾರವಾಗುತ್ತದೆ. ನಟ್ ತಿರುಗಿಸಿ, ಬೋಲ್ಟ್ ಹಿಡಿದುಕೊಳ್ಳಿ; ಬೋಲ್ಟ್ ಕತ್ತಿನಲ್ಲಿ ಹಲ್ಲುಗಳಿರುವುದರಿಂದ ಅದನ್ನು ತಿರುಗಿಸಿದರೆ ತೂತು ಕೆಡುತ್ತದೆ. ಲೋವರ್ ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು ಬೋಲ್ಟ್ ಹೊರಗೆ ತಟ್ಟಿ. ನಕಲ್ ಹೊರಗೆ ವಾಲದಂತೆ ತಕ್ಷಣ ತಂತಿಯಿಂದ ಕಟ್ಟಿ. ವಾಲಿದರೆ ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ಕಳಚಿಕೊಳ್ಳುತ್ತದೆ, ಬ್ರೇಕ್ ಪೈಪ್ ಜಗ್ಗುತ್ತದೆ.

ಇನ್ನು ಮೇಲ್ಗಡೆ. ಕೆಲವು ಗಾಡಿಗಳಲ್ಲಿ ವೈಪರ್ ಕೈ, ಕೌಲ್ ಪ್ಲಾಸ್ಟಿಕ್ ತೆಗೆದರೆ ಮಾತ್ರ ಶಾಕಪ್ ತಲೆ ಕಾಣುತ್ತದೆ. ಸಾಮಾನ್ಯವಾಗಿ ಸುತ್ತ ಮೂರು ಸಣ್ಣ ನಟ್, ನಡುವೆ ಒಂದು ದೊಡ್ಡದು. ನಡುವಿನದನ್ನು ಈಗ ಮುಟ್ಟಲೇಬೇಡಿ. ಸ್ಪ್ರಿಂಗನ್ನು ಒತ್ತಿ ಹಿಡಿದಿರುವುದು ಅದೊಂದೇ. ಸಣ್ಣ ನಟ್ ಎರಡು ತೆಗೆದು, ಕೆಳಗೆ ಒಬ್ಬರು ಶಾಕಪ್ ಹಿಡಿದ ಮೇಲೆ ಮೂರನೆಯದು ತೆಗೆಯಿರಿ.

ಸ್ಪ್ರಿಂಗ್

ಇಡೀ ಕೆಲಸದಲ್ಲಿ ಅಪಾಯ ಇರುವುದು ಇಲ್ಲಿ. ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಸ್ಪ್ರಿಂಗಿನ ಎದುರುಬದುರು ಹಾಕಿ, ಆದಷ್ಟು ಹೆಚ್ಚು ಸುರುಳಿ ಹಿಡಿಯಲಿ. ಥ್ರೆಡ್‌ಗೆ ಗ್ರೀಸ್ ಹಚ್ಚಿ. ಒಂದು ಕಡೆ ಎರಡು ಸುತ್ತು, ಇನ್ನೊಂದು ಕಡೆ ಎರಡು ಸುತ್ತು, ಹೀಗೆ ಸಮನಾಗಿ ಕೈಪಾನಾದಿಂದಲೇ ಬಿಗಿಯಿರಿ. ನಟ್ ಬಿಗಿಯುವ ಇಂಪ್ಯಾಕ್ಟ್ ಗನ್ ಹಚ್ಚಿದರೆ ಥ್ರೆಡ್ ಬಿಸಿಯಾಗಿ ಕಿತ್ತುಬರುತ್ತದೆ. ಒಂದು ಕಡೆಗೆ ಹೆಚ್ಚು ಬಿಗಿದರೆ ಸ್ಪ್ರಿಂಗ್ ಬಾಳೆಕಾಯಿಯಂತೆ ಬಾಗಿ ಕೊಕ್ಕೆಯಿಂದ ಜಾರುತ್ತದೆ. ಸ್ಪ್ರಿಂಗ್ ತನ್ನ ಪೀಠದಲ್ಲಿ ಕೈಯಿಂದ ಅಲುಗಾಡಿದಾಗ ಸಾಕು. ರಾಡ್ ನೇರಕ್ಕೆ ಮುಖವನ್ನಾಗಲಿ ಎದೆಯನ್ನಾಗಲಿ ತರಬೇಡಿ.

ಕೊಕ್ಕೆ ತೆಳ್ಳಗೆ ಕಾಣುತ್ತಿದೆ, ಧೈರ್ಯ ಸಾಲುತ್ತಿಲ್ಲ ಅಂತಾದರೆ ಇಲ್ಲಿಗೆ ನಿಲ್ಲಿಸಿ. ಎರಡೂ ಶಾಕಪ್ಪನ್ನು ಹಾಗೇ ಗೋಣಿಚೀಲದಲ್ಲಿ ಸುತ್ತಿ, ಗೋಡೆಗೆ ಹಚ್ಚಿದ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ದು ಬೇರಿಂಗ್ ಕೂರಿಸಿಕೊಂಡು ಬನ್ನಿ. ಇದರಲ್ಲಿ ನಾಚಿಕೆ ಏನಿಲ್ಲ. ಹೊಸಬರಿಗೆ ನಮ್ಮ ಸಲಹೆಯೂ ಅದೇ.

ಈಗ ಸೆಂಟರ್ ನಟ್ ಬಿಚ್ಚಿ. ರಾಡ್ ತಿರುಗಿದರೆ ಮೇಲಿನಿಂದ ಅಲೆನ್ ಕೀ ಹಾಕಿ ಹಿಡಿಯಬೇಕು. ಇಕ್ಕಳದಿಂದ ರಾಡ್ ಹಿಡಿದವರ ಶಾಕಪ್ ಬಹಳ ದಿನ ಬಾಳುವುದಿಲ್ಲ, ಕ್ರೋಮ್ ಮೇಲಿನ ಗೀರು ಸೀಲನ್ನು ಕೊರೆದು ಎಣ್ಣೆ ಇಳಿಸುತ್ತದೆ. ನಟ್, ವಾಷರ್, ಮೌಂಟಿಂಗ್, ಬೇರಿಂಗ್, ಮೇಲಿನ ಪೀಠ, ರಬ್ಬರ್, ಧೂಳಿನ ಬೂಟು, ಬಂಪ್ ಸ್ಟಾಪ್ ಬಂದ ಕ್ರಮದಲ್ಲೇ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟು ಫೋಟೊ ಹೊಡೆದುಕೊಳ್ಳಿ. ಗಾಡಿಯಿಂದ ಗಾಡಿಗೆ ಕ್ರಮ ಸ್ವಲ್ಪ ಬದಲಾಗುತ್ತದೆ.

ಹಳೆಯ ಬೇರಿಂಗನ್ನು ಎರಡು ಅಂಗೈ ನಡುವೆ ಒತ್ತಿ ತಿರುಗಿಸಿದರೆ ಮರಳು ಅರೆದ ಹಾಗೆ ಗರಗರ ಅನ್ನುತ್ತದೆ. ಸೀಲ್ ಎತ್ತಿ ನೋಡಿದರೆ ಗ್ರೀಸ್ ಇರಬೇಕಾದ ಕಡೆ ಕರಿ ಮುದ್ದೆ ಅಥವಾ ಕೆಂಪು ತುಕ್ಕಿನ ನೀರು ಕಾಣುತ್ತದೆ. ಹೊಸದು ಪ್ಲಾಸ್ಟಿಕ್ ಮೈಯ ಸೀಲ್ ಮಾಡಿದ ಬೇರಿಂಗ್, ಒಳಗೆ ಗ್ರೀಸ್ ಮೊದಲೇ ಇರುತ್ತದೆ. ಅದನ್ನು ತೆರೆದು ಇನ್ನಷ್ಟು ತುಂಬಬೇಡಿ. ಮೇಲು ಕೆಳಗು ನೋಡಿ ಕೂರಿಸಿ. ತಲೆಕೆಳಗಾದರೆ ಕೂತಂತೆ ಕಾಣುತ್ತದೆ, ಭಾರ ಬಿದ್ದಾಗ ಸಿಕ್ಕಿಕೊಳ್ಳುತ್ತದೆ.

ಜೋಡಣೆ

ಸ್ಪ್ರಿಂಗಿನ ಕೆಳತುದಿ ಶಾಕಪ್ ಪೀಠದ ಮೆಟ್ಟಿಲಿಗೆ ತಾಗಿಯೇ ಇರಬೇಕು. ಸಂದಿ ಬಿಟ್ಟರೆ ಗಾಡಿ ಇಳಿಸಿದ ಮೊದಲ ತಿರುವಿನಲ್ಲೇ ಅದು ತಿರುಗಿ ಕೂತು ಮತ್ತೆ ‘ಟಣ್’ ಅನ್ನುತ್ತದೆ. ಹೊಸ ಬೇರಿಂಗೇ ಕೆಟ್ಟದ್ದು ಬಂತೆಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಸೆಂಟರ್ ನಟ್ ಬಿಗಿದ ಮೇಲಷ್ಟೇ ಕಂಪ್ರೆಸರ್ ಸಡಿಲಿಸಿ, ಅದನ್ನೂ ಸಮನಾಗಿ.

ಬಿಗಿಯುವ ಅಳತೆ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ್ದೇ ಆಗಬೇಕು. ಅಂದಾಜಿಗೆ ಹೇಳುವುದಾದರೆ, ಈ ಗಾತ್ರದ ಕಾರುಗಳಲ್ಲಿ ಮೇಲಿನ ಮೂರು ಸಣ್ಣ ನಟ್ 20ರಿಂದ 30 ನ್ಯೂಟನ್ ಮೀಟರ್, ಸೆಂಟರ್ ನಟ್ 50ರಿಂದ 70, ಚಕ್ರದ ನಟ್ 100ರಿಂದ 120ರ ಸುತ್ತ ಇರುತ್ತದೆ. ನಕಲ್ ಬೋಲ್ಟಿನ ಅಳತೆ ಗಾಡಿಗಳ ನಡುವೆ ಬಹಳ ಬದಲಾಗುವುದರಿಂದ ಅಂದಾಜಿನ ಮೇಲೆ ಬಿಗಿಯಬೇಡಿ. ಮೇಲಿನ ಸಣ್ಣ ನಟ್‌ಗಳಿಗೆ ಗನ್ ಹಿಡಿದರೆ ಬೋಲ್ಟೇ ಮುರಿಯುತ್ತದೆ, ಆಗ ಇಡೀ ಮೌಂಟಿಂಗ್ ಹೊಸದು ಹಾಕಬೇಕಾಗುತ್ತದೆ.

ಶಾಕಪ್ಪನ್ನು ಮೇಲೆ ಮೂರು ನಟ್‌ನಲ್ಲಿ ಸಡಿಲವಾಗಿ ತೂಗುಹಾಕಿ, ಕೆಳಗೆ ಜ್ಯಾಕಿನಿಂದ ಆರ್ಮ್ ಎತ್ತಿ, ಬಿಳಿ ಗೆರೆ ಕೂಡಿಸಿ ಬೋಲ್ಟ್ ಬಿಗಿಯಿರಿ. ಬ್ರೇಕ್ ಪೈಪ್ ಮುರಿಗೆ ಬಿದ್ದಿಲ್ಲವೆಂದು ಸ್ಟೀರಿಂಗ್ ಎರಡೂ ತುದಿಗೆ ತಿರುಗಿಸಿ ನೋಡಿ. ಚಕ್ರ ಹಾಕಿ ಇಳಿಸಿದ ಮೇಲೆ ಮತ್ತೊಮ್ಮೆ ಸ್ಪ್ರಿಂಗಿಗೆ ಅಂಗೈ ತಾಗಿಸಿ, ಈಗ ನಡುಕ ಇರಬಾರದು.

10-15 ಕಿಲೋಮೀಟರ್ ಹಾಳು ರಸ್ತೆಯಲ್ಲಿ ಓಡಿಸಿ ಬಂದು ಎಲ್ಲ ನಟ್‌ಗಳಿಗೂ ಟಾರ್ಕ್ ಪಾನಾ ಹಚ್ಚಿ. ಆಮೇಲೆ ವ್ಹೀಲ್ ಅಲೈನ್‌ಮೆಂಟ್, ಗೆರೆ ಎಷ್ಟೇ ಸರಿಯಾಗಿ ಕೂಡಿದ್ದರೂ ಇದನ್ನು ಬಿಡಬೇಡಿ. ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ ಮರುಹೊಂದಿಸುವ ಸ್ಕ್ಯಾನರ್ ಇರುವ ಕಡೆಯೇ ಮಾಡಿಸಿ, ಇಲ್ಲವಾದರೆ ನೇರ ಹೋಗುವಾಗಲೂ ಸ್ಟೆಬಿಲಿಟಿ ದೀಪ ಮಿನುಗಬಹುದು. ಹಂಪ್ ಇಳಿಯುವಾಗ ಹೊಸದಾಗಿ ‘ಟಕ್’ ಎಂಬ ಒಂದೇ ಸದ್ದು ಶುರುವಾಗಿದ್ದರೆ ಮೊದಲು ಸೆಂಟರ್ ನಟ್, ಆಮೇಲೆ ಲಿಂಕಿನ ನಟ್ ನೋಡಿ. ವಾಷಿಂಗ್ ಸೆಂಟರಿನಲ್ಲಿ ಬಾನೆಟ್ ತೆರೆದು ಶಾಕಪ್ ತಲೆಗೆ ಪ್ರೆಶರ್ ನೀರು ಹೊಡೆಯಲು ಬಿಡಬೇಡಿ, ತಲೆಯ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಕಳೆದುಹೋಗಿದ್ದರೆ ಬೇರಿಂಗ್ ಜೊತೆಗೇ ಅದನ್ನೂ ತಂದು ಹಾಕಿ.