ಅಮ್ಮನ ಕಾರ್ಡ್‌ಲೆಸ್ ಫೋನು ಕೊನೆಗೂ ದಾರಿಗೆ ಬಂತು

ಹೋದ ವರ್ಷ ದೀಪಾವಳಿಗೆ ಮನೆಗೆ ಬಂದಿದ್ದ ಭಾವ, "ಸುಮ್ನೆ ದುಡ್ಡು ಹಾಳು ಮಾಡ್ಬೇಡ ಮಾರಾಯ, ಅತ್ತೆಗೆ ಇನ್ನು ಫೋನಲ್ಲಿ ಕೇಳಲ್ಲ" ಅಂದಿದ್ದರು. ಈ ಸಲ ಯುಗಾದಿಗೆ ಅದೇ ಭಾವನ ಜೊತೆ ಅಮ್ಮ ಅಡಿಕೆ ರೇಟು, ಮಂಗನ ಕಾಟ, ಅವರ ಮಂಡಿನೋವು ಎಲ್ಲ ಸೇರಿಸಿ ಫೋನಿನಲ್ಲೇ ನಲವತ್ತು ನಿಮಿಷ ಮಾತಾಡಿದಳು. ಮಧ್ಯೆ ಒಂದು ಸಲ, "ಅಷ್ಟು ಕೂಗಬೇಡಿ, ನಂಗೇನು ಕಿವುಡಾ?" ಅಂತಲೂ ಕೇಳಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸಾಗರದಲ್ಲಿ ಮಿಕ್ಸಿ, ಸ್ಟೆಬಿಲೈಜರ್, ಇನ್ವರ್ಟರ್ ರಿಪೇರಿ ಮಾಡುವವ. ಮನೆ ಪೇಟೆಯಿಂದ ದೂರ, ಮೊಬೈಲ್ ಸಿಗ್ನಲ್ ಬೇಕಂದರೆ ತೋಟದ ಮೇಲಿನ ದರೆ ಹತ್ತಬೇಕು. 80 ದಾಟಿದ ಅಮ್ಮ ದರೆ ಹತ್ತುವುದು ಎಲ್ಲಿಂದ ಬಂತು! ಫೈಬರ್ ಕನೆಕ್ಷನ್ ಜೊತೆ ಬಂದ ಲ್ಯಾಂಡ್‌ಲೈನೇ ಗತಿ. ಅವಳಿಗೆ ಕಿವಿಯ ಹಿಂದೆ ಕೂರುವ ಹಿಯರಿಂಗ್ ಏಡ್ ಇದೆ. ಕೂತಲ್ಲೇ ಮಾತಾಡಬೇಕು, ಅಡುಗೆಮನೆಗೂ ಒಯ್ಯಬೇಕು ಅಂತ ಕಾರ್ಡ್‌ಲೆಸ್ ಬೇಕಿತ್ತು.

ಮೊದಲು ತಂದದ್ದು ಇಲ್ಲಿನದೇ ಮಾಮೂಲಿ ಕಾರ್ಡ್‌ಲೆಸ್, ಸುಮಾರು 2,800 ರೂಪಾಯಿ. ಫುಲ್ ವಾಲ್ಯೂಮ್ ಇಟ್ಟರೂ ಸಾಲಲಿಲ್ಲ. ಸರಿ, ಗೋಡೆಯ ಸಾಕೆಟ್ಟಿಗೂ ಹ್ಯಾಂಡ್‌ಸೆಟ್ ಇಡುವ ಬೇಸ್‌ಗೂ ನಡುವೆ ಹಾಕುವ ಲೈನ್ ಆಂಪ್ಲಿಫೈಯರ್ ತರಿಸಿದೆ, 1,100 ಇರಬೇಕು. ಮಾತು ಜೋರಾಯಿತು, ಜೊತೆಗೆ ಗುಂಯ್ ಅನ್ನುವ ಹಮ್ಮೂ ಅಷ್ಟೇ ಜೋರಾಯಿತು. ಫೋನಿನ ವೈರು ಟ್ಯೂಬ್‌ಲೈಟಿನ ವೈರಿನ ಪಕ್ಕದಲ್ಲೇ ಹೋಗಿತ್ತು, ಅದನ್ನು ಬೇರೆ ದಾರಿಯಲ್ಲಿ ಎಳೆದೆ. ಹಮ್ಮು ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಆ ಡಬ್ಬಿ ಈಗಲೂ ಅಂಗಡಿಯಲ್ಲಿದೆ, ಯಾರಿಗಾದರೂ ಬೇಕಿದ್ದರೆ ಪುಕ್ಕಟೆ ಕೊಡುತ್ತೇನೆ.

ಅಷ್ಟರಲ್ಲಿ ನ್ಯೂಜೆರ್ಸಿಯಲ್ಲಿರುವ ದೊಡ್ಡಕ್ಕ, ಕಿವಿ ಮಂದ ಇರುವವರಿಗೆ ಅಂತಲೇ ಮಾಡಿದ ಕಾರ್ಡ್‌ಲೆಸ್ ಒಂದನ್ನು ಕಳಿಸಿದಳು. ಒಳ್ಳೇ ಸೆಟ್ಟು. ನಾನು ಅಂಗಡಿಗೆ ಹೋಗಿದ್ದಾಗ ಮಗ ಅದರ 120 ವೋಲ್ಟ್ ಅಡಾಪ್ಟರನ್ನು ಸೀದಾ ನಮ್ಮ 230ಕ್ಕೆ ಚುಚ್ಚಿದ. ಟಪ್! ರಿಪೇರಿಯವನ ಮನೆಯಲ್ಲೇ ಹೀಗೆ. ಬೇರೆ ಅಡಾಪ್ಟರ್ ಹೊಂದಿಸಿದೆ, ಫೋನು ಎದ್ದಿತು, ದನಿಯೂ ಚೆನ್ನಾಗಿತ್ತು. ಆಮೇಲೆ ತಿಳಿಯಿತು, ಅಮೆರಿಕದ ಈ ಸೆಟ್ಟುಗಳು ಓಡುವುದು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ. ನಮ್ಮಲ್ಲಿ ಕಾರ್ಡ್‌ಲೆಸ್‌ಗೆ ಬಿಟ್ಟಿರುವುದು 1880ರಿಂದ 1900. ಆ 1920ರ ಜಾಗ ಮೊಬೈಲಿನದು, ಅಲ್ಲಿ ನಾವು ಕೂತು ಮಾತಾಡುವುದು ತಪ್ಪು. ಬಿಚ್ಚಿ ಅಟ್ಟಕ್ಕೆ ಹಾಕಿದೆ. ಅಕ್ಕನಿಗೆ ಇನ್ನೂ ಹೇಳಿಲ್ಲ.

ಆದರೆ ಆ ನಷ್ಟದಲ್ಲೇ ಒಂದು ದಾರಿ ಸಿಕ್ಕಿತು. ಯುರೋಪಿನ ಕಾರ್ಡ್‌ಲೆಸ್ ಕೂಡ 1880-1900ರಲ್ಲೇ ಓಡುತ್ತೆ, ಕರೆಂಟೂ 230 ವೋಲ್ಟು. ಲಂಡನ್ನಿನಲ್ಲಿರುವ ಸೋದರಳಿಯನಿಗೆ ಹೇಳಿ ಅಲ್ಲಿಂದ ಒಂದು ಆಂಪ್ಲಿಫೈಡ್ ಸೆಟ್ ತರಿಸಿದೆ. ಒತ್ತಿದರೆ ದನಿಯನ್ನು 30 ಡೆಸಿಬೆಲ್‌ವರೆಗೆ ಏರಿಸುವ ಬೂಸ್ಟ್, ಟೋನ್ ಕಂಟ್ರೋಲ್, ದೊಡ್ಡ ಬಟನ್ನು. ನಮ್ಮ ಲೆಕ್ಕದಲ್ಲಿ 6,000 ಹತ್ತಿರ. ಪೇಟೆಯಲ್ಲಿ ಫೋನ್ ಮಾರುವ ಗೆಳೆಯ, "ಫಾರಿನ್ ಸೆಟ್ಟು ನಮ್ಮ ಲೈನಿಗೆ ಕೂರಲ್ಲ" ಅಂತ ನಕ್ಕ.

ಮೊದಲ ದಿನ ಅವನ ಮಾತೇ ನಿಜವಾಯಿತು. ಜೊತೆಗೆ ಬಂದ ವೈರಿನ ಗೋಡೆ ಕಡೆಯ ಪ್ಲಗ್ಗು ಇಂಗ್ಲೆಂಡಿನದು, ನಮ್ಮ ಸಾಕೆಟ್ಟಿಗೆ ಹೋಗಲ್ಲ. ಅಂಗಡಿಯಲ್ಲಿದ್ದ ಮಾಮೂಲಿ ಫೋನ್ ಪ್ಲಗ್ಗಿನ ಆರ್‌ಜೆ11 ವೈರು ಹಾಕಿದೆ. ಎರಡೂ ಕಡೆ ಟಕ್ ಅಂತ ಕೂತಿತು, ಡಯಲ್ ಟೋನ್ ಮಾತ್ರ ಇಲ್ಲ. ಬೇಸ್ ಸತ್ತಿದೆ ಅಂದುಕೊಂಡು ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಅವರ ವೈರನ್ನೇ ಮೀಟರ್ ಹಿಡಿದು ನೋಡಿದರೆ, ಬೇಸ್ ಕಡೆ ಲೈನ್ ಬರುವುದು ಹೊರಗಿನ ಎರಡು ಪಿನ್ನಿಗೆ. ನಮ್ಮದರಲ್ಲಿ ನಡುವಿನ ಎರಡಕ್ಕೆ. ಒಂದು ತುದಿಗೆ ನಡುವೆ, ಇನ್ನೊಂದು ತುದಿಗೆ ಹೊರಗೆ ಬರುವ ಹಾಗೆ ವೈರಿಗೆ ಪ್ಲಗ್ಗು ಒತ್ತಿ ಕೂರಿಸಿದೆ, ಅಂದರೆ ಕ್ರಿಂಪ್ ಮಾಡಿದೆ. ಖರ್ಚು 20 ರೂಪಾಯಿ. ಟೋನ್ ಬಂತು. ಗೆಳೆಯನಿಗೆ ಅದೇ ಫೋನಿನಿಂದ ಕಾಲ್ ಮಾಡಿದೆ, ಬೇರೇನೂ ಹೇಳಲಿಲ್ಲ, "ಕೇಳ್ತಾ ಇದೆಯಾ?" ಅಂದೆ ಅಷ್ಟೇ.

ಇನ್ನು ಬ್ಯಾಟರಿ. ಸೆಟ್ಟಿನ ಜೊತೆ ಬಂದ ಸೆಲ್ಲುಗಳು ಮಳೆಗಾಲ ಮುಗಿಯುವ ಹೊತ್ತಿಗೆ ಸೊರಗಿದವು. ನಾನು 1000 ಎಂಎಎಚ್ (ಸೆಲ್ ಹಿಡಿಯುವ ಚಾರ್ಜಿನ ಅಳತೆ) ಅಂತ ಮೇಲೆ ಬರೆದಿದ್ದ ಅಗ್ಗದ ರೀಚಾರ್ಜ್ ಸೆಲ್ ಹಾಕಿದೆ, ಜೋಡಿಗೆ 120. ಮಾಮೂಲಿ ವಾಲ್ಯೂಮಿನಲ್ಲಿ ಏನೂ ತೊಂದರೆ ಇಲ್ಲ. ಬೂಸ್ಟ್ ಒತ್ತಿ ಆ ಕಡೆಯವರು ಜೋರಾಗಿ ಮಾತಾಡಿದರೆ ಮಾತ್ರ ಬೀಪ್ ಬೀಪ್ ಬಂದು ಕಾಲ್ ಕಟ್. ನಾನು ಬೇಸನ್ನು ಬೈಯುತ್ತಾ ಅದನ್ನು ಮರದ ಕಪಾಟಿನ ಮೇಲಿಟ್ಟೆ, ಕಬ್ಬಿಣದ ಬೀರುವಿನಿಂದ ದೂರ ಇಟ್ಟೆ, ಸಿಗ್ನಲ್ ಬಲ ಇಳಿಸುವ ಇಕೋ ಮೋಡ್ ಆಫ್ ಮಾಡಿದೆ. ಇದರಿಂದ ಹಿತ್ತಿಲ ಕಡೆ ಬರುತ್ತಿದ್ದ ಕರಕರ ಹೋಯಿತು, ಬೀಪ್ ಹೋಗಲಿಲ್ಲ. ಸೆಲ್ಲನ್ನು ಚಾರ್ಜ್ ಮಾಡಿ ಲೋಡ್ ಹಾಕಿ ಅಳೆದರೆ 300 ಚಿಲ್ಲರೆ ಎಂಎಎಚ್ ಅಷ್ಟೇ. ಬೂಸ್ಟ್ ಎಳೆಯುವ ಕರೆಂಟಿಗೆ ವೋಲ್ಟೇಜು ಕುಸಿಯುತ್ತಿತ್ತು. ಒಳ್ಳೇ 600ರ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಜೋಡಿಗೆ 450 ಕೊಟ್ಟು ತಂದೆ. ಇವತ್ತಿಗೂ ಅವೇ ಇವೆ. ನಡುವೆ ಒಂದು ಸಲ ನೆಂಟರ ಹುಡುಗನೊಬ್ಬ ಚಾರ್ಜ್ ಮಾಡಬಾರದ ಟೀವಿ ರಿಮೋಟಿನ ಸೆಲ್ ಹಾಕಿ ಚಾರ್ಜಿಂಗ್ ತೊಟ್ಟಿಲಲ್ಲಿ ಇಟ್ಟುಬಿಟ್ಟಿದ್ದ. ಬೆಳಿಗ್ಗೆ ನೋಡಿದರೆ ಹ್ಯಾಂಡ್‌ಸೆಟ್ ಬಿಸಿ, ಒಂದು ಸೆಲ್ ಸೋರಿತ್ತು. ಈಗ ಮುಚ್ಚಳಕ್ಕೆ ಟೇಪು ಸುತ್ತಿದ್ದೇನೆ.

ಒಂದು ದಿನ ದನಿ ಏಕಾಏಕಿ ಅರ್ಧಕ್ಕಿಳಿಯಿತು. ಬೂಸ್ಟ್ ಇದೆ, ಸೆಲ್ ಇದೆ, ಲೈನ್ ಕ್ಲಿಯರ್. ಹ್ಯಾಂಡ್‌ಸೆಟ್ಟನ್ನು ಕಿಟಕಿ ಬೆಳಕಿಗೆ ಹಿಡಿದೆ. ಕಿವಿಗೆ ಒತ್ತುವ ತೂತುಗಳಲ್ಲಿ ಹಳದಿ ಮೇಣದ ಹಾಗೆ ಏನೋ ತುಂಬಿದೆ. ಮೂಸಿ ನೋಡಿದರೆ ಕೊಬ್ಬರಿ ಎಣ್ಣೆ! ಅಮ್ಮ ಸ್ನಾನ ಮಾಡಿ ತಲೆಗೆ ಎಣ್ಣೆ, ಕೆನ್ನೆಗೆ ಅರಿಶಿನ ಹಚ್ಚಿಕೊಂಡು ದೇವರಿಗೆ ಕೈಮುಗಿದು ಸೀದಾ ಫೋನಿಗೆ ಬರುವವಳು. ಅರಿಶಿನ ಎಣ್ಣೆ ಹೆಪ್ಪುಗಟ್ಟಿ, ಎಂಟು ತೂತಿನಲ್ಲಿ ಒಂದೂವರೆ ಮಾತ್ರ ತೆರೆದಿತ್ತು. ನಾನು ಅವಸರಕ್ಕೆ ಸೂಜಿ ಹಾಕಿದೆ, ಒಳಗಿನ ಜಾಲರಿ ಹರಿಯಿತು. ಹಾಗೆ ಮಾಡಬೇಡಿ. ಹ್ಯಾಂಡ್‌ಸೆಟ್ಟನ್ನು ಬೋರಲು ಹಿಡಿದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹಲ್ಲಿನ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕು. ಚಾರ್ಜಿಂಗ್ ಪಿನ್ನಿಗೂ ಅದೇ ಎಣ್ಣೆ ಹತ್ತಿರುತ್ತೆ, ಅಲ್ಲಿಗೆ ಪೆನ್ಸಿಲ್ ಅಳಿಸುವ ರಬ್ಬರ್.

ಜಾಲರಿ ಹಾಕಲು ಸೆಟ್ ಬಿಚ್ಚಿದ್ದೇ ಇನ್ನೊಂದು ಗ್ರಹಚಾರಕ್ಕೆ ದಾರಿಯಾಯಿತು. ಮುಚ್ಚಿದ ಮೇಲೆ ಬೂಸ್ಟ್ ಒತ್ತಿದರೆ ಕೂಂಯ್ಯ್ ಅಂತ ಊಳಿಡುತ್ತೆ. ಮೊದಲು ಹಿಯರಿಂಗ್ ಏಡ್ ಅಂದುಕೊಂಡೆ. ಏಡ್ ತೆಗೆದು ಪಕ್ಕದ ಕೋಣೆಯಲ್ಲಿಟ್ಟರೂ ಊಳು ನಿಲ್ಲಲಿಲ್ಲ. ಮೈಕಿನ ತೂತಿಗೆ ಹೊರಗಿನಿಂದ ಬೆರಳಿಟ್ಟೆ, ಆಗಲೂ ನಿಲ್ಲಲಿಲ್ಲ. ಅಂದರೆ ಸ್ಪೀಕರಿನ ದನಿ ಪ್ಲಾಸ್ಟಿಕ್ಕಿನ ಒಳಗಿನಿಂದಲೇ ಮೈಕಿಗೆ ಹೋಗುತ್ತಿದೆ. ಮತ್ತೆ ಬಿಚ್ಚಿದರೆ, ಮೈಕಿನ ಸುತ್ತ ಇರುವ ರಬ್ಬರ್ ಟೋಪಿ ಓರೆಯಾಗಿ ಕೂತಿತ್ತು, ನನ್ನದೇ ತಪ್ಪು. ಟೋಪಿ ಸರಿ ಮಾಡಿ, ಸ್ಪೀಕರಿನ ಹಿಂದೆ ಸ್ವಲ್ಪ ಪ್ಯಾಕಿಂಗ್ ಕೊಟ್ಟೆ. ಫೋಮು, ಥರ್ಮೋಕೋಲು, ಬಟ್ಟೆ ಮೂರೂ ಪ್ರಯೋಗ ಮಾಡಿ ಸೋತು ನಾಲ್ಕನೆಯದು ಗೆದ್ದಿತು. ಅದು ಏನು ಅಂತ ಹೇಳಲ್ಲ, ಅಡುಗೆಮನೆಯಲ್ಲೇ ಸಿಗುತ್ತೆ. ಈಗ ಹೊಸದರಲ್ಲಿ ಇದ್ದದ್ದಕ್ಕಿಂತ ಎರಡು ಹೆಜ್ಜೆ ಜಾಸ್ತಿ ವಾಲ್ಯೂಮ್ ಊಳಿಲ್ಲದೆ ಸಿಗುತ್ತಿದೆ.

ಇಷ್ಟಾದರೂ ಅಮ್ಮ, "ಜೋರಾಗಿ ಕೇಳ್ತದೆ ಅಪ್ಪಿ, ಏನು ಹೇಳ್ತಾರೆ ಅಂತ ಗೊತ್ತಾಗಲ್ಲ" ಅಂದಳು. ಅಕ್ಕ "ಸೊಸೆ ಬಂದಿದ್ದಾಳೆ" ಅಂದರೆ ಇವಳು "ಹೊಗೆ ಬಂತಾ? ಒಲೆ ಆರಿಸು" ಅನ್ನುತ್ತಿದ್ದಳು. ಸ, ಶ ಇಂಥ ಅಕ್ಷರಗಳ ಜೀವ ಇರುವುದು ಮೇಲಿನ ಫ್ರೀಕ್ವೆನ್ಸಿಯಲ್ಲಿ. ವಯಸ್ಸಾದ ಕಿವಿ ಮೊದಲು ಬಿಡುವುದೂ ಅದನ್ನೇ, ಮಾಮೂಲಿ ಫೋನ್ ಲೈನು ಹಾಯಿಸುವುದೂ 3400 ಹರ್ಟ್ಸ್‌ವರೆಗೆ ಮಾತ್ರ. ಟೋನನ್ನು ಟ್ರೆಬಲ್ ಕಡೆ ತಿರುಗಿಸಿ, ವಾಲ್ಯೂಮ್ ಎರಡು ಹೆಜ್ಜೆ ಇಳಿಸಿದೆ. ಸೊಸೆ ಸೊಸೆಯಾದಳು. ರಿಂಗಿನದೂ ಇದೇ ಕಥೆ. ಪಕ್ಕದ ಕೋಣೆಯಿಂದ ಎಂಟು ರಿಂಗ್‌ಟೋನ್ ಬಾರಿಸಿ ಕೈ ಎತ್ತಲು ಹೇಳಿದೆ. ಅವಳು ಕೈ ಎತ್ತಿದ್ದು ಎರಡಕ್ಕೆ, ಎರಡೂ ದಪ್ಪ ದನಿಯವು. ಕಿರ್‌ಕಿರ್ ಅನ್ನುವ ಸಣ್ಣ ದನಿಯದು ನಮಗೆ ಕಿವಿ ಹರಿಯುವಷ್ಟು ಜೋರು, ಅವಳಿಗೆ ಇಲ್ಲವೇ ಇಲ್ಲ.

ಹಿಯರಿಂಗ್ ಏಡನ್ನು ಟಿ ಮೋಡಿಗೆ (ಮೈಕು ಬಿಟ್ಟು ಫೋನಿನ ಕಾಂತಕ್ಷೇತ್ರದಿಂದಲೇ ದನಿ ಹಿಡಿಯುವುದು) ಹಾಕಿದರೆ ಗುರ್ರ್ ಅಂತ ಬರುತ್ತಿತ್ತು. ಮನೆ ವೈರಿಂಗಿನ ಹಮ್ಮೋ ಫೋನಿನದೋ? ಅಮ್ಮನನ್ನು ಹ್ಯಾಂಡ್‌ಸೆಟ್ ಸಮೇತ ಅಂಗಳದ ಕೊನೆಗೆ ಕರೆದುಕೊಂಡು ಹೋದೆ. ವೈರಿಂಗಿನದಾಗಿದ್ದರೆ ಅಲ್ಲಿ ಕಮ್ಮಿ ಆಗಬೇಕಿತ್ತು, ಆಗಲಿಲ್ಲ. ಈ ಜಾತಿಯ ಕಾರ್ಡ್‌ಲೆಸ್ ಸೆಕೆಂಡಿಗೆ 100 ಸಲ ತುಂಡು ತುಂಡಾಗಿ ಸಿಗ್ನಲ್ ಕಳಿಸುತ್ತೆ, ಅದೇ ಆ ಗುರ್ರ್. ಟಿ ಮೋಡ್ ಬಿಟ್ಟು ಮೈಕ್ ಮೋಡಿಗೇ ಬಂದೆವು. ಏಡಿನ ಮೈಕು ಇರುವುದು ಕಿವಿಯ ಮೇಲ್ತುದಿಯ ಹಿಂದೆ, ಫೋನನ್ನೂ ಅಲ್ಲಿಗೇ ಹಿಡಿಯಬೇಕು, ಕಿವಿಯ ತೂತಿಗಲ್ಲ. ಎಷ್ಟು ಹೇಳಿದರೂ ಅಮ್ಮ ಹಳೇ ಅಭ್ಯಾಸದಲ್ಲಿ ಕಿವಿಗೇ ಒತ್ತುವಳು. ಹೆಂಡತಿಯ ಬಿಂದಿ ಸ್ಟಿಕರ್ ಒಂದನ್ನು ಹ್ಯಾಂಡ್‌ಸೆಟ್ಟಿನ ಬೆನ್ನಿಗೆ ಅಂಟಿಸಿ, ಈ ಬೊಟ್ಟಿನ ಮೇಲೆ ತೋರುಬೆರಳಿಡು ಅಂದೆ. ಹಾಗೆ ಹಿಡಿದರೆ ಫೋನು ತಾನಾಗಿ ಮೇಲೆ ಹೋಗುತ್ತೆ. ಅಭ್ಯಾಸವಾಗಲು ಹದಿನೈದು ದಿನ ಹಿಡಿಯಿತು.

ಪ್ರತಿ ಕಾಲ್ ಮುಗಿದ ಮೇಲೆ ಬೂಸ್ಟ್ ತಾನೇ ಆಫ್ ಆಗುವುದು ಕೆಟ್ಟಿದ್ದಲ್ಲ, ಬೇರೆಯವರ ಕಿವಿ ಹಾಳಾಗದಿರಲಿ ಅಂತ ಹಾಗಿಟ್ಟಿರುತ್ತಾರೆ. ನಮ್ಮ ಸೆಟ್ಟಿನಲ್ಲಿ ಮೆನು ಒಳಗೆ ಅದನ್ನು ಕಾಯಂ ಮಾಡುವ ಜಾಗ ಇದೆ. ಕಾಯಂ ಮಾಡಿದ ಮರುದಿನ ಹೆಂಡತಿ ಫೋನ್ ಎತ್ತಿ ಕಿವಿಗಿಟ್ಟಳು. ಆ ದಿನ ನನಗೆ ಊಟ ಸಿಕ್ಕಿದ್ದು ತಡವಾಗಿ.

ಕರೆಂಟು ಹೋದರೆ ಬೇಸೂ ಇಲ್ಲ, ಫೈಬರಿನ ಡಬ್ಬಿಯೂ ಇಲ್ಲ. ಎರಡನ್ನೂ ಒಂದೇ 12 ವೋಲ್ಟ್ ಬ್ಯಾಟರಿಯಿಂದ ಓಡಿಸಬೇಕು ಅಂತ ಹಟ ಹಿಡಿದು ವೋಲ್ಟೇಜ್ ಇಳಿಸುವ ಅಗ್ಗದ ಬಕ್ ಕನ್ವರ್ಟರ್ ಕಟ್ಟಿದೆ. ಅದರ ಕೀಂಯ್ ದನಿ ಫೋನಿಗೇ ಬಂತು. ಕೆಪಾಸಿಟರ್ ಮೇಲೆ ಕೆಪಾಸಿಟರ್ ಪೇರಿಸಿ ಒಂದು ಭಾನುವಾರ ಕಳೆದು, ಕೊನೆಗೆ ಬುದ್ಧಿ ಬಂದು ಎರಡನ್ನೂ ಮನೆ ಇನ್ವರ್ಟರಿಗೆ ಸೇರಿಸಿದೆ. ಗುಡುಗು ಶುರುವಾದರೆ ಅಡಾಪ್ಟರ್ ಕಿತ್ತಿಡುವುದು ಅಮ್ಮನದೇ ಕೆಲಸ, ಹಳೇ ತಾಮ್ರದ ಲೈನಿದ್ದಾಗ ಸಿಡಿಲಿಗೆ ಎರಡು ಸೆಟ್ ಸುಟ್ಟದ್ದನ್ನು ಅವಳು ಮರೆತಿಲ್ಲ.

ಒಟ್ಟು ಖರ್ಚು 11,000 ಚಿಲ್ಲರೆ, ಅದರಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ಆರೂವರೆ. ಇನ್ನೂ ಸರಿಯಾಗದ್ದು ಒಂದಿದೆ, ಕಾಲ್ ಮಾಡಿದವರ ನಂಬರು ತೋರಿಸಲ್ಲ. ಇಂಗ್ಲೆಂಡಿನವರು ನಂಬರು ಕಳಿಸುವ ಪದ್ಧತಿಯೇ ಬೇರೆ. ಅಮ್ಮನಿಗೆ ಅದರ ಚಿಂತೆ ಇಲ್ಲ, ಯಾರೇ ಮಾಡಿದರೂ ಅವಳು ಮೊದಲು ಕೇಳುವುದು "ಆಸ್ರಿಗೆ ಆಯ್ತಾ?" (ಕಾಫಿ-ತಿಂಡಿ ಆಯ್ತಾ) ಅಂತ. ಪಕ್ಕದ ತೋಟದ ಅಜ್ಜನೂ ಈಗ ಅಂಥದೇ ಸೆಟ್ ತರಿಸಿಕೊಂಡಿದ್ದಾರೆ. ವೈರು ಕ್ರಿಂಪ್ ಮಾಡಿ, ಪ್ಯಾಕಿಂಗ್ ಹಾಕಿ ಕೊಡಲು 300 ಹೇಳಿದ್ದೇನೆ. ಸೆಲ್ಲು ಅವರೇ ತರಬೇಕು.