ಹಳೇ ಫೋರ್ ವೀಲ್ ಗಾಡಿ: ಡೀಸೆಲ್ ತಗೊಳ್ಳೋದಾ, ಪೆಟ್ರೋಲಾ?

ಕೊಡಗಿನಲ್ಲಿ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ) ಗಾಡಿ ಹುಡುಕುತ್ತಿದ್ದೇನೆ ಅಂತ ಹೇಳಿ ನೋಡಿ. ‘ಡೀಸೆಲ್ಲೇ ತಗೊಳ್ಳಿ, ಏರಿಗೆ ಎಳೆತ ಬೇಕಲ್ವಾ’ ಅನ್ನುವ ಉತ್ತರ ತಕ್ಷಣ ಬರುತ್ತದೆ. ಹಳೇ ಜೀಪುಗಳ ಕಾಲದಲ್ಲಿ ಈ ಮಾತು ಸರಿಯಾಗಿಯೇ ಇತ್ತು. ಈಗ ಅದನ್ನೇ ನಂಬಿ ಹೋದರೆ ಕೈ ಸುಟ್ಟುಕೊಳ್ಳುವ ಸಾಧ್ಯತೆ ಜಾಸ್ತಿ. ಏರು ಎಷ್ಟಿದೆ ಅನ್ನುವುದಕ್ಕಿಂತ ಗಾಡಿ ದಿನಕ್ಕೆ ಎಷ್ಟು ದೂರ ಓಡುತ್ತದೆ, ಏನು ಹೊರುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ಮೊದಲು ನಿಮ್ಮ ಓಡಾಟ ಬರೆದಿಡಿ

ಒಂದು ವಾರದ ಓಡಾಟವನ್ನು ಹಾಳೆಯಲ್ಲಿ ಬರೆಯಿರಿ. ಲೈನ್ ಮನೆಯಿಂದ ಕಣಕ್ಕೆ, ಕಣದಿಂದ ಊರಿನ ಅಂಗಡಿಗೆ, ಮಕ್ಕಳನ್ನು ಬಸ್ಸಿಗೆ ಬಿಡಲು, ಹೀಗೆ. ಎಲ್ಲವೂ ಮೂರು ನಾಲ್ಕು ಕಿಲೋಮೀಟರಿನ ಓಡಾಟವೇ? ಅಥವಾ ವಾರಕ್ಕೆರಡು ಸಲ ಕುಶಾಲನಗರ ದಾಟಿ ಮೈಸೂರಿಗೆ ಹೋಗುತ್ತೀರಾ? ಕೊಯ್ಲಿನ ಸಮಯದಲ್ಲಿ ಕಾಫಿ ಮೂಟೆ ಹೇರುತ್ತೀರಾ, ಟ್ರೇಲರ್ ಎಳೆಸುತ್ತೀರಾ? ಇದು ಗೊತ್ತಾಗದೆ ಗಾಡಿ ನೋಡಲು ಹೋಗಬೇಡಿ.

ಎಳೆತದ ಲೆಕ್ಕ

ಮಾರುತಿ ಜಿಪ್ಸಿ ಕಂಪನಿಯಿಂದ ಬಂದದ್ದು ಪೆಟ್ರೋಲಿನಲ್ಲಿ ಮಾತ್ರ. 1.3 ಲೀಟರ್ ಎಂಜಿನ್ನಿನ ಟಾರ್ಕ್, ಅಂದರೆ ಎಳೆಯುವ ಬಲ, 103 ನ್ಯೂಟನ್ ಮೀಟರ್ ಆಸುಪಾಸು. ಅದೂ ಎಂಜಿನ್ ಜೋರಾಗಿ ತಿರುಗಿದಾಗ ಸಿಗುವಂಥದ್ದು. 2020ಕ್ಕಿಂತ ಮುಂಚಿನ ಮಹೀಂದ್ರ ಥಾರ್ ಸಿಆರ್‌ಡಿಇ ಡೀಸೆಲ್ಲಿಗೆ 247, ಅದೂ ಕಡಿಮೆ ಆರ್‌ಪಿಎಮ್‌ನಲ್ಲೇ. ಮೂಟೆ ಹೊತ್ತು ಏರು ಹತ್ತುವವರಿಗೆ ಇಲ್ಲಿ ಡೀಸೆಲ್ಲೇ ಸರಿ, ಅನುಮಾನವಿಲ್ಲ. ಆದರೆ ಜಿಪ್ಸಿ ತುಂಬಾ ಹಗುರ. ಖಾಲಿ ಗಾಡಿಯಲ್ಲಿ ಒಬ್ಬರೋ ಇಬ್ಬರೋ ಹೋಗುವುದಾದರೆ, ಜೂನ್ ಜುಲೈನ ಕೆಸರಿನಲ್ಲಿ ಭಾರದ ಡೀಸೆಲ್ ಗಾಡಿ ಹೂತುಹೋಗುವ ಕಡೆಯೂ ಅದು ದಾಟಿಬಿಡುತ್ತದೆ.

2020ರ ನಂತರದ ಥಾರ್‌ನಲ್ಲಿ ಈ ಹೋಲಿಕೆಯೇ ಬದಲಾಯಿತು. ಅದರ 2.0 ಲೀಟರ್ ಟರ್ಬೊ ಪೆಟ್ರೋಲ್ ಮ್ಯಾನ್ಯುಯಲ್ ಗೇರಿನಲ್ಲಿ 300 ನ್ಯೂಟನ್ ಮೀಟರ್ ಕೊಡುತ್ತದೆ. 2.2 ಡೀಸೆಲ್ ಕೊಡುವುದೂ ಅಷ್ಟೇ. ಪೆಟ್ರೋಲ್ ಗಾಡಿ ಏರು ಹತ್ತುವುದಿಲ್ಲ ಅನ್ನುವ ಮಾತು ಇಲ್ಲಿಗೆ ಅನ್ವಯಿಸುವುದಿಲ್ಲ.

ಬಿಎಸ್6 ಡೀಸೆಲ್ಲಾದರೆ ಸ್ವಲ್ಪ ನಿಲ್ಲಿ

ತೋಟದವರು ಎಡವುವುದು ಇಲ್ಲೇ. 2020ರ ಏಪ್ರಿಲ್‌ನಿಂದ ಬಂದ, ಬಿಎಸ್6 ಅನ್ನುವ ಹೊಗೆ ನಿಯಮದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಹೊಗೆಯ ಮಸಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಡಿ ಚೆನ್ನಾಗಿ ಕಾದು, ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ದಿನವೂ ಎರಡನೇ ಗೇರಿನಲ್ಲಿ ತೋಟ ಸುತ್ತಿ ಆಫ್ ಮಾಡಿದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮಸಿ ಸುಡಲೆಂದು ಬಿಟ್ಟ ಡೀಸೆಲ್ ಕೆಳಗಿಳಿದು ಎಂಜಿನ್ ಆಯಿಲ್ಲಿಗೂ ಸೇರಬಹುದು.

ಹಾಗಾಗಿ ಇಂಥ ಗಾಡಿ ನೋಡುವಾಗ ಎಂಜಿನ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಮೇಲಿನ ಗುರುತನ್ನೂ ದಾಟಿದೆಯಾ? ಬೆರಳಿಗೆ ತೀರಾ ತೆಳುವಾಗಿ, ಡೀಸೆಲ್ ವಾಸನೆ ಬರುತ್ತಿದೆಯಾ? ಹೌದಾದರೆ ಆ ಗಾಡಿ ಬರೀ ಸಣ್ಣ ಓಟದಲ್ಲೇ ಬದುಕಿದೆ. ಬಿಟ್ಟುಬಿಡಿ. ನಿಮ್ಮ ಓಡಾಟವೂ ತೋಟದೊಳಗೇ ಇದ್ದರೆ ಪೆಟ್ರೋಲ್ ತಗೊಳ್ಳಿ. ಡೀಸೆಲ್ಲೇ ಬೇಕೆಂದರೆ ಹಳೇ ಬಿಎಸ್4 ಅಥವಾ ಅದಕ್ಕೂ ಹಿಂದಿನ ಗಾಡಿ ಹುಡುಕಿ. ಅವುಗಳಲ್ಲಿ ಸಾಮಾನ್ಯವಾಗಿ ಈ ಫಿಲ್ಟರ್ ಇರುವುದಿಲ್ಲ.

ಸ್ಪ್ರಿಂಕ್ಲರ್ ಪಂಪಿಗೆ ತಂದಿಟ್ಟ ಬ್ಯಾರೆಲ್ ಡೀಸೆಲ್ಲನ್ನೇ ಗಾಡಿಗೂ ಹಾಕುವ ಅಭ್ಯಾಸ ಹಲವರಿಗಿದೆ. ಹಳೇ ಮೆಕ್ಯಾನಿಕಲ್ ಪಂಪಿನ ಜೀಪು ಅದನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ತುಂಬಾ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಈಗಿನ ಕಾಮನ್ ರೈಲ್ ಎಂಜಿನ್ ತಡೆಯುವುದಿಲ್ಲ. ಬ್ಯಾರೆಲ್ಲಿನ ತಳದ ನೀರು ಒಳಹೋದರೆ ಇಂಜೆಕ್ಟರುಗಳು ಹಾಳಾಗುತ್ತವೆ, ಖರ್ಚು ದೊಡ್ಡದು. ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಒಂದಿಷ್ಟನ್ನು ಗಾಜಿನ ಲೋಟಕ್ಕೆ ಇಳಿಸಿ ತೋರಿಸಲು ಕೇಳಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಪೆಟ್ರೋಲಿಗೂ ಮಳೆಗೂ

ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಅರ್ಧ ಟ್ಯಾಂಕಿನಲ್ಲಿ ಇಡೀ ಮಳೆಗಾಲ ಶೆಡ್ಡಿನಲ್ಲಿ ನಿಂತ ಹಳೇ ಜಿಪ್ಸಿಗೆ ಇದು ಒಳ್ಳೆಯದಲ್ಲ. ಪೆಟ್ರೋಲ್ ಪೈಪುಗಳನ್ನು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಭಾಗಮಂಡಲದ ಕಡೆಯವರಿಗೆ ರಸ್ತೆ ಮೇಲೆ ನೀರು ಬರುವುದು ಹೊಸತಲ್ಲ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗ) ಇರುವ ಹಳೇ ಪೆಟ್ರೋಲ್ ಗಾಡಿ ನೀರು ಚಿಮ್ಮಿದರೂ ನಿಂತುಬಿಡಬಹುದು. ಡೀಸೆಲ್ಲಿಗೆ ಆ ತೊಂದರೆ ಇಲ್ಲ. ಆದರೆ ಗಾಳಿಯ ದಾರಿಯಲ್ಲಿ ಎಂಜಿನ್ನಿಗೇ ನೀರು ಹೋದರೆ ಡೀಸೆಲ್ಲಿಗೆ ಪೆಟ್ಟು ಜಾಸ್ತಿ, ಕನೆಕ್ಟಿಂಗ್ ರಾಡೇ ಬಗ್ಗಬಹುದು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ, ಒಳಗೆ ಕೆಸರಿನ ಗೆರೆ ಇದೆಯಾ ನೋಡಿ.

ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ

ಬೆಳಗ್ಗೆ ಬೇಗ ಹೋಗಿ. ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಅನ್ನಿ. ಡಿಸೆಂಬರಿನ ಚಳಿಯಲ್ಲಿ ಡೀಸೆಲ್ ಗಾಡಿ ತುಂಬಾ ಹೊತ್ತು ಸೆಲ್ಫ್ ಹೊಡೆದರೆ ಎಂಜಿನ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್ಗೋ ಕಂಪ್ರೆಶನ್ನೋ ಹೋಗಿರಬಹುದು. ಕಾಡಾನೆ ತಿರುಗುವ ತೋಟದಲ್ಲಿ ಒಂದೇ ಸೆಲ್ಫಿಗೆ ಗಾಡಿ ಸ್ಟಾರ್ಟ್ ಆಗುವುದು ಪ್ರಾಣದ ಪ್ರಶ್ನೆ. ಇದರಲ್ಲಿ ರಾಜಿ ಬೇಡ.

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ. ಹೊಗೆ ಬುಸುಬುಸು ಉಗುಳಿದರೆ ರಿಂಗ್ ಸವೆದಿದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) ಹಾಕಿಸಿ, ಮಣ್ಣಿನ ಏರಿನಲ್ಲಿ ಹತ್ತಿಸಿ ಇಳಿಸಿ. ಗೇರ್ ತಾನಾಗಿ ಹಾರುತ್ತಿದ್ದರೆ ಪೆಟ್ರೋಲಾಗಲಿ ಡೀಸೆಲ್ಲಾಗಲಿ ಆ ಗಾಡಿ ಬೇಡ.

ದುಡ್ಡಿನ ಲೆಕ್ಕ

ಉದಾಹರಣೆಗೆ ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಮೈಲೇಜ್ 10 ಅಂತಿಟ್ಟುಕೊಳ್ಳಿ. ಡೀಸೆಲ್ 91, ಮೈಲೇಜ್ 13. ಕಿಲೋಮೀಟರಿಗೆ ಉಳಿಯುವುದು 3 ರೂಪಾಯಿ 30 ಪೈಸೆ. ಡೀಸೆಲ್ ಗಾಡಿಗೆ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ, ವರ್ಷಕ್ಕೆ 15,000 ಕಿಲೋಮೀಟರ್ ಓಡಿಸುವವರಿಗೆ ಮೂರು ವರ್ಷದಲ್ಲಿ ವಾಪಸ್ ಬರುತ್ತದೆ. 6,000 ಓಡಿಸುವವರಿಗೆ ಏಳೂವರೆ ವರ್ಷ ಬೇಕು. ಇದರಲ್ಲಿ ರಿಪೇರಿ ಖರ್ಚು ಸೇರಿಲ್ಲ.

ಆರ್‌ಸಿಯಲ್ಲಿ ಇಂಧನದ ಸಾಲು ಓದಿ

ದೆಹಲಿ ಕಡೆಯ ಡೀಸೆಲ್ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಮುಂಗಡ ಕೊಡಬೇಡಿ. ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿನ ರಸ್ತೆ ತೆರಿಗೆ ಕಟ್ಟಿ, ಕೊಡಗಿನ ಕೆಎ-12 ನಂಬರ್ ಬರುವ ಹೊತ್ತಿಗೆ ಅಗ್ಗ ಉಳಿಯುತ್ತದಾ ಅಂತ ಲೆಕ್ಕ ಹಾಕಿ. ಹದಿನೈದು ವರ್ಷ ದಾಟಿದ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಮಾಡಿಸಿ ಆರ್‌ಸಿ ನವೀಕರಿಸಬೇಕು, ಹಸಿರು ತೆರಿಗೆಯೂ ಇದೆ.

ಹಳೇ ಜೀಪುಗಳಿಗೆ ಬೇರೆ ಎಂಜಿನ್ ಕೂರಿಸುವುದು, ಜಿಪ್ಸಿಗೆ ಡೀಸೆಲ್ ಎಂಜಿನ್ ಹಾಕುವುದು ನಡೆದೇ ಇದೆ. ಆರ್‌ಸಿಯಲ್ಲಿ ಇಂಧನ ಯಾವುದೆಂದು ಬರೆದಿದೆ ನೋಡಿ. ಬ್ಲಾಕಿನ ಮೇಲಿನ ಎಂಜಿನ್ ನಂಬರಿನ ಜಿಡ್ಡನ್ನು ಬಟ್ಟೆಯಲ್ಲಿ ಒರೆಸಿ, ಆರ್‌ಸಿಯ ನಂಬರಿನ ಪಕ್ಕ ಇಟ್ಟು ಓದಿ. ಎರಡೂ ತಾಳೆಯಾಗದಿದ್ದರೆ ಎಫ್‌ಸಿಗೂ ಇನ್ಶೂರೆನ್ಸ್ ಕ್ಲೇಮಿಗೂ ತೊಂದರೆ. ಬದಲಾವಣೆಯನ್ನು ಆರ್‌ಟಿಒದಲ್ಲಿ ಮಾರುವವರ ಹೆಸರಿನಲ್ಲೇ ದಾಖಲಿಸಿಕೊಟ್ಟ ಮೇಲೆ ಹಣ ಕೊಡಿ.