ಗೇಮಿಂಗ್ ಪಿಸಿಗೆ ದುಡ್ಡು ಹಾಕೋಕೆ ಮುಂಚೆ ಮನೆ ವೈಫೈಗೆ ಒಂದು ಪಿಂಗ್ ಹಾಕಿ

ನಮ್ಮಕ್ಕನ ಮಗ ಸೆಕೆಂಡ್ ಪಿಯುಸಿ, ತುಮಕೂರಲ್ಲೇ ಎಸ್ಎಸ್ ಪುರಂ ಕಡೆ ಮನೆ, ಎರಡು ವರ್ಷದಿಂದ ಒಂದೇ ರಾಗ, ಗೇಮಿಂಗ್ ಪಿಸಿ ಬೇಕು ಅಂತ. ಗ್ರಾಫಿಕ್ಸ್ ಕಾರ್ಡು, ರ್‍ಯಾಮು, ಮಾನಿಟರು ಎಲ್ಲಾ ಸೇರಿಸಿ ಲೆಕ್ಕ ಹಾಕಿ ಒಂದು ಚೀಟಿ ಬರ್ಕೊಂಡು ಬಂದಿದ್ದ. ನಮ್ ಭಾವ ಅದನ್ನ ಕೊನೇವರೆಗೂ ಓದಿ, ಏನೂ ಮಾತಾಡದೆ ಮಡಚಿ ಶರ್ಟ್ ಜೇಬಲ್ಲಿ ಇಟ್ಕೊಂಡ್ರು, ಅಲ್ಲಿಗೆ ಆ ವಿಷಯ ಮುಗೀತು. ಆಮೇಲೆ ನನ್ನ ಹತ್ರ ಬಂದ, "ಮಾಮ, ಪಿಸಿ ಬೇಡ ಬಿಡು, ಕ್ಲೌಡಲ್ಲೇ ಆಡ್ಬಹುದಂತೆ, ಅಪ್ಪಂಗೆ ನೀನೇ ಹೇಳು" ಅಂತ. ಹೇಳ್ದೆ. ಒಂದು ತಿಂಗಳ ಪ್ಯಾಕೂ ನಾನೇ ಹಾಕಿಸ್ಕೊಟ್ಟೆ. ಮೊದಲನೇ ದಿನ ಕಾರ್ ರೇಸ್ ಶುರು ಮಾಡಿದ, ತಿರುವು ಬಂತು, ಬ್ರೇಕ್ ಒತ್ತಿದ, ಕಾರು ಹೋಗಿ ಗೋಡೆಗೆ ಗುದ್ದಿ ನಿಂತ ಮೇಲೆ ಹಿಂದುಗಡೆ ಕೆಂಪು ಲೈಟ್ ಹತ್ತಿತು.

ಇದೆಲ್ಲಾ ಮೋಸ ಅಂದ ಅವನು. ಮೋಸ ಅಲ್ಲ, ತಪ್ಪಿದ್ದಿದ್ದು ಅವರ ಮನೆ ಹಾಲಲ್ಲೇ, ಅದನ್ನ ಹುಡುಕೋಕೆ ನಮಗೆ ಎರಡು ಭಾನುವಾರ ಹಿಡೀತು. ನಿಮಗೆ ಅಷ್ಟು ಹಿಡೀಬಾರ್ದು ಅಂತ ಬರೀತಾ ಇದೀನಿ.

ಮೊದ್ಲು ಈ ಕ್ಲೌಡ್ ಗೇಮಿಂಗ್ ಅಂದ್ರೆ ಏನು ಅಂತ ಒಂದ್ಸಲ ಹೇಳ್ಬಿಡ್ತೀನಿ. ಆಟ ಓಡೋದು ನಿಮ್ಮ ಮನೇಲಲ್ಲ, ಎಲ್ಲೋ ಡೇಟಾ ಸೆಂಟರಲ್ಲಿರೋ ದೊಡ್ಡ ಕಂಪ್ಯೂಟರಲ್ಲಿ, ಅಲ್ಲಿಂದ ಬರೋದು ಬರೀ ವಿಡಿಯೋ, ನಿಮ್ಮಿಂದ ಹೋಗೋದು ಬರೀ ಬಟನ್ ಒತ್ತಿದ ಸುದ್ದಿ. ಅದಕ್ಕೇ ಐದು ವರ್ಷದ ಹಳೇ ಲ್ಯಾಪ್‌ಟಾಪಲ್ಲೂ, ಫೋನಲ್ಲೂ, ಟಿವಿಯಲ್ಲೂ ಭಾರಿ ಆಟ ಓಡತ್ತೆ. ಆದ್ರೆ ಸಿನಿಮಾ ಥರ ಮುಂಚೇನೇ ಸ್ವಲ್ಪ ಡೌನ್‌ಲೋಡ್ ಮಾಡಿ ಇಟ್ಕೊಳ್ಳೋಕೆ ಆಗಲ್ಲ, ಯಾಕಂದ್ರೆ ನೀವು ಮುಂದೆ ಯಾವ ಬಟನ್ ಒತ್ತುತೀರ ಅಂತ ಅದಕ್ಕೇನು ಗೊತ್ತು.

ಇಲ್ಲಿ ಎಲ್ಲರೂ ಎಡವೋದು ಸ್ಪೀಡ್ ವಿಷಯದಲ್ಲಿ. "ನಮ್ದು 100 ಎಂಬಿಪಿಎಸ್ ಲೈನು" ಅಂತಾರೆ. ಕ್ಯಾತಸಂದ್ರದಿಂದ ತಟ್ಟೆ ಇಡ್ಲಿ ಪಾರ್ಸಲ್ ತರಿಸ್ತೀರ ಅಂದ್ಕೊಳ್ಳಿ, ಬೈಕಿನ ಬ್ಯಾಗಲ್ಲಿ ಎಷ್ಟು ಇಡ್ಲಿ ಹಿಡಿಯುತ್ತೆ ಅನ್ನೋದು ಸ್ಪೀಡು, ಬೈಕು ಎಷ್ಟು ಬೇಗ ಮನೆ ಮುಟ್ಟುತ್ತೆ ಅನ್ನೋದು ಪಿಂಗು. ಬ್ಯಾಗ್ ದೊಡ್ಡದು ಮಾಡಿದ್ರೆ ಇಡ್ಲಿ ಬಿಸಿಯಾಗಿ ಬರಲ್ಲ. ಇನ್ನೊಂದಿದೆ, ಒಂದ್ಸಲ ಹತ್ತು ನಿಮಿಷಕ್ಕೆ ಬಂದು ಇನ್ನೊಂದ್ಸಲ ನಲವತ್ತು ನಿಮಿಷಕ್ಕೆ ಬಂದ್ರೆ ಅದಕ್ಕೆ ಜಿಟರ್ ಅಂತಾರೆ, ಆಟ ಕೆಡಿಸೋದು ಹೆಚ್ಚಾಗಿ ಇದೇ. ಸೆಕೆಂಡಿಗೆ 60 ಚಿತ್ರ ಬರಬೇಕು, ಒಂದೊಂದು ಚಿತ್ರಕ್ಕೂ ಫ್ರೇಮ್ ಅಂತಾರೆ, ಅಂದ್ರೆ ಒಂದೊಂದಕ್ಕೂ ಸುಮಾರು 16.7 ಮಿಲಿಸೆಕೆಂಡು ಟೈಮು (ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಒಂದು ಮಿಲಿಸೆಕೆಂಡು), ನಾಲ್ಕು ಚಿತ್ರ ಲೇಟಾದ್ರೂ ಕಣ್ಣಿಗೆ ಹೊಡೆಯತ್ತೆ.

ಸ್ಪೀಡು ಬೇಡವೇ ಬೇಡ ಅಂತಲ್ಲ. ಎನ್‌ವಿಡಿಯಾದವರ ಜಿಫೋರ್ಸ್ ನೌ ಅನ್ನೋ ಕ್ಲೌಡ್ ಗೇಮಿಂಗ್ ಸರ್ವಿಸು 720ಪಿ ಕ್ವಾಲಿಟಿಗೆ 15 ಎಂಬಿಪಿಎಸ್, 1080ಪಿಗೆ 25 ಎಂಬಿಪಿಎಸ್ ಕೇಳುತ್ತೆ, ಎರಡೂ 60 ಫ್ರೇಮಿಗೆ, ಜೊತೆಗೆ ಪಿಂಗು 80 ಮಿಲಿಸೆಕೆಂಡಿಗಿಂತ ಕಮ್ಮಿ ಇರ್ಬೇಕು. 50 ಎಂಬಿಪಿಎಸ್ ಪ್ಲಾನು ಇದ್ರೆ ಸಾಕು, ಇದಕ್ಕೋಸ್ಕರ 300 ಎಂಬಿಪಿಎಸ್‌ಗೆ ಹೋಗ್ಬೇಡಿ.

ಸ್ಟೆಪ್ 1: ಏನು ಆಡೋಕೆ ಅಂತ ಕೇಳ್ಕೊಳ್ಳಿ

ಬಿಜಿಎಂಐ (ಪಬ್‌ಜಿ ಥರದ ಮೊಬೈಲ್ ಆಟ) ಆಡೋಕೆ ಅಂದ್ರೆ ಈ ಲೇಖನ ಇಲ್ಲಿಗೇ ಬಿಡಿ, ಅದು ಫೋನಲ್ಲೇ ಓಡತ್ತೆ, ಕ್ಲೌಡಿಂದ ತರಿಸ್ಕೊಳ್ಳೋದು ಬಾವಿ ಮನೇಲಿಟ್ಕೊಂಡು ಟ್ಯಾಂಕರ್ ಕರೆಸಿದಂಗೆ. ಕಂಪ್ಯೂಟರಲ್ಲಿ ಆಡೋ ಶೂಟಿಂಗ್ ಆಟ, ಎದುರಾಳಿ ಮನುಷ್ಯನೇ ಆಗಿರೋ ಅಂಥದ್ದು, ಅದಕ್ಕೂ ನಾನು ಬೇಡ ಅಂತೀನಿ, ಎದುರಿನವನು ಸ್ವಂತ ಪಿಸಿ ಮುಂದೆ ಕೂತಿರ್ತಾನೆ, ನೀವು ನೋಡೋ ಹೊತ್ತಿಗೆ ಅವನು ಹೊಡೆದಾಗಿರುತ್ತೆ. ಕಥೆ ಇರೋ ಆಟ, ಊರು ಕಟ್ಟೋದು, ಸ್ಟ್ರಾಟಜಿ, ಮನೆಯವರೇ ಕೂತು ಫುಟ್‌ಬಾಲ್ ಆಡೋದು, ಇವೆಲ್ಲಾ ಆರಾಮಾಗಿ ಆಗುತ್ತೆ. ಕಾರ್ ರೇಸು ಮಧ್ಯದ್ದು, ಮನೆ ಸರಿ ಇದ್ರೆ ಆಗುತ್ತೆ.

ಸ್ಟೆಪ್ 2: ಪಿಂಗ್ ಹಾಕಿ, ಅದೂ ರಾತ್ರಿ ಎಂಟರ ಮೇಲೆ

ಇದೇ ಮುಖ್ಯ, ಇದೊಂದು ಮಾಡಿದ್ರೂ ಸಾಕು. ಲ್ಯಾಪ್‌ಟಾಪಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೀರಿ, ಕಪ್ಪು ಕಿಟಕಿ ಬರುತ್ತಲ್ಲ ಅದೇ. ಇಂಗ್ಲಿಷಲ್ಲಿ ಪಿಂಗ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು ರೌಟರ್ ಅಡ್ರೆಸ್ ಹಾಕಿ, ಬಹಳ ಮನೆಗಳಲ್ಲಿ ಅದು 192.168.1.1 ಇರುತ್ತೆ, ಬಾಕ್ಸಿನ ಕೆಳಗೆ ಸ್ಟಿಕರಲ್ಲೂ ಬರ್ದಿರುತ್ತೆ. ಮತ್ತೆ ಜಾಗ ಬಿಟ್ಟು ಒಂದು ಮೈನಸ್ ಗುರುತು ಹಾಕಿ ಅದಕ್ಕೆ ಅಂಟಿಸಿ ಇಂಗ್ಲಿಷ್ ಟಿ ಅಕ್ಷರ ಹಾಕಿದ್ರೆ, ನೀವು ನಿಲ್ಲಿಸೋವರೆಗೂ ಓಡ್ತಾ ಇರುತ್ತೆ. ಐದು ನಿಮಿಷ ಬಿಡಿ. ಆಮೇಲೆ ಇದೇ ಥರ 8.8.8.8ಗೂ ಮಾಡಿ. ಅದು ಗೂಗಲ್ಲಿನದು, ಗೇಮ್ ಸರ್ವರ್ ಅಲ್ಲ, ಆದ್ರೆ ಮನೆಯಿಂದ ಆಚೆ ಲೈನ್ ಹೆಂಗಿದೆ ಅಂತ ತಿಳಿಯೋಕೆ ಸಾಕು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ರೌಟರ್ ಪಿಂಗೇ 3, 4, 3, ಆಮೇಲೆ ಇದ್ದಕ್ಕಿದ್ದಂಗೆ 90, ಮತ್ತೆ 5 ಅಂತ ಕುಣೀತಾ ಇದ್ರೆ ರೋಗ ಮನೆ ಒಳಗೇ ಇದೆ, ಕಂಪನಿಯವರಿಗೆ ಫೋನ್ ಮಾಡಿ ಬೈಯೋದು ದಂಡ. ರೌಟರ್ ಪಿಂಗು ಸರಿ ಇದ್ದು ಹೊರಗಿನದು ಕುಣಿದ್ರೆ ಲೈನಿಂದು, ಆಗ ಕಂಪ್ಲೇಂಟ್ ಮಾಡಿ, ಆ ಕಿಟಕಿ ಫೋಟೋ ತೆಗೆದು ಕಳ್ಸಿ, ಬರೀ "ಸ್ಲೋ ಇದೆ ಸರ್" ಅಂದ್ರೆ ರೌಟರ್ ಆಫ್ ಮಾಡಿ ಆನ್ ಮಾಡಿ ಅಂತಾರೆ ಅಷ್ಟೆ. ಬೆಳಗ್ಗೆ ಹನ್ನೊಂದಕ್ಕೆ ಟೆಸ್ಟ್ ಮಾಡಿ ಸೂಪರ್ ಅನ್ಬೇಡಿ, ಇಡೀ ಬೀದಿ ಊಟ ಮುಗಿಸಿ ಸೀರಿಯಲ್ಲು ಕ್ರಿಕೆಟ್ಟು ನೋಡೋ ಹೊತ್ತಲ್ಲಿ ಮಾಡಿ.

ಭಾವನ ಮನೇಲಿ ರೌಟರ್ ಪಿಂಗೇ ಕುಣೀತಾ ಇತ್ತು. ರೌಟರ್ ಇದ್ದಿದ್ದು ಎಲ್ಲಿ ಅಂದ್ರೆ ಬಾಗಿಲ ಹಿಂದೆ ಚಪ್ಪಲಿ ಸ್ಟ್ಯಾಂಡ್ ಮೇಲೆ, ಪಕ್ಕದಲ್ಲೇ ಕಬ್ಬಿಣದ ಬೀರು, ಆಡ್ತಿದ್ದಿದ್ದು ಎರಡು ಗೋಡೆ ಆಚೆ ರೂಮಲ್ಲಿ. ಡೇಟಾ ಸೆಂಟರ್ ಎಷ್ಟು ದೂರ ಅನ್ನೋದು ಆಮೇಲಿನ ಮಾತು. ಫೈಬರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ, ತುಮಕೂರಿಂದ ಬೆಂಗಳೂರಿಗೆ 70 ಕಿಲೋಮೀಟರು, ಹೋಗಿ ಬರೋಕೆ ಲೆಕ್ಕದ ಪ್ರಕಾರ ಒಂದು ಮಿಲಿಸೆಕೆಂಡೂ ಬೇಡ, ಸಾವಿರ ಕಿಲೋಮೀಟರ್ ಆಚೆ ಮುಂಬೈ ಅಂದ್ರೂ ಹತ್ತು. ಮಧ್ಯದ ಸ್ವಿಚ್ಚು, ಸುತ್ತುದಾರಿ ಎಲ್ಲಾ ಸೇರಿ ಇನ್ನಷ್ಟು ಆಗುತ್ತೆ, ಸರಿ, ಆದ್ರೂ ಮುಂಬೈಗೆ ಹೋಗಿ ಬರೋದಕ್ಕಿಂತ ಭಾವನ ಮನೆ ಎರಡು ಗೋಡೆ ದಾಟೋದೇ ಕಷ್ಟ ಆಗಿತ್ತು.

ಸ್ಟೆಪ್ 3: ವೈರ್ ಎಳೀರಿ

ಕ್ಯಾಟ್ 6 ಲ್ಯಾನ್ ಕೇಬಲ್, ಎರಡೂ ಕಡೆ ಪಿನ್ ಹಾಕಿರೋದು, ಕಂಪ್ಯೂಟರ್ ಅಂಗಡೀಲಿ ಸಿಗುತ್ತೆ, ಅಳತೆ ತಗೊಂಡು ಹೋಗಿ, ಎರಡು ಮೀಟರ್ ಜಾಸ್ತೀನೇ ತಗೊಳ್ಳಿ. ನಾವು ಬಾಗಿಲ ಮೇಲಿಂದ ಎಳೆದು ಕ್ಲಿಪ್ ಹೊಡೆದ್ವಿ. ಅಕ್ಕ "ಹೊಸಾ ಪೇಂಟು ಕಣೋ" ಅಂತ ಇವತ್ತಿಗೂ ಅಂತಾಳೆ. ವೈರ್ ಹಾಕಿದ ಮೇಲೆ ರೌಟರ್ ಪಿಂಗು ಒಂದು ಮಿಲಿಸೆಕೆಂಡಿಗಿಂತ ಕಮ್ಮಿ, ಅಲ್ಲಾಡಲೇ ಇಲ್ಲ. ವೈರ್ ಆಗೋದೇ ಇಲ್ಲ ಅಂದ್ರೆ ರೌಟರ್ ಇರೋ ರೂಮಲ್ಲೇ ಕೂತು, ಹೆಸರಿನ ಕೊನೇಲಿ 5ಜಿ ಅಂತ ಇರೋ ವೈಫೈಗೆ ಸೇರ್ಕೊಳ್ಳಿ. ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಅಂತ ಅರ್ಥ, ಗೋಡೆ ದಾಟೋಕೆ ಕಷ್ಟ ಪಡುತ್ತೆ ಆದ್ರೆ ಹತ್ತಿರದಲ್ಲಿ ಚೆನ್ನಾಗಿರುತ್ತೆ, ಅಕ್ಕಪಕ್ಕದ ಮನೆಯವರ ಗಲಾಟೇನೂ ಕಮ್ಮಿ.

ಸ್ಟೆಪ್ 4: ಟಿವಿ ಸುಳ್ಳು ಹೇಳ್ತಾ ಇರುತ್ತೆ

ಈಗಿನ ಟಿವಿಗಳು ಚಿತ್ರ ಚಂದ ಕಾಣ್ಲಿ ಅಂತ ತೋರ್ಸೋಕೆ ಮುಂಚೆ ಅದಕ್ಕೆ ಮೇಕಪ್ ಮಾಡ್ತಾವೆ, ಅದಕ್ಕೆ ಟೈಮ್ ತಗೊಳ್ತಾವೆ. ಸೆಟಿಂಗ್ಸಲ್ಲಿ ಪಿಕ್ಚರ್ ಅಂತ ಇರೋ ಕಡೆ ಗೇಮ್ ಮೋಡ್ ಹುಡುಕಿ ಆನ್ ಮಾಡಿ. ಬಣ್ಣ ಸ್ವಲ್ಪ ಪೇಲವ ಅನ್ಸುತ್ತೆ, ಇರ್ಲಿ. ಕಂಟ್ರೋಲರ್ ಬ್ಲೂಟೂತ್ ಬಿಟ್ಟು ಯುಎಸ್‌ಬಿ ವೈರಲ್ಲಿ ಹಾಕಿ.

ಬದಲಾಯ್ತೋ ಇಲ್ವೋ ಅಂತ ಅಳೆಯೋಕೆ ಒಂದು ಉಪಾಯ, ಇದು ಹುಡುಗನೇ ಕಂಡ್ಕೊಂಡಿದ್ದು. ಫೋನ್ ಸ್ಲೋ ಮೋಷನಲ್ಲಿ 240 ಫ್ರೇಮಿಗೆ ಇಟ್ಟು, ಹೆಬ್ಬೆರಳು ಮತ್ತೆ ಟಿವಿ ಎರಡೂ ಕಾಣೋ ಥರ ವಿಡಿಯೋ ಮಾಡಿ. ಬಟನ್ ತಳ ಮುಟ್ಟಿದ ಫ್ರೇಮಿಂದ ಟಿವೀಲಿ ಅಲ್ಲಾಡಿದ ಫ್ರೇಮಿನವರೆಗೆ ಎಣಿಸಿ, ಒಂದು ಫ್ರೇಮಿಗೆ ನಾಲ್ಕು ಮಿಲಿಸೆಕೆಂಡಿಗಿಂತ ಚೂರು ಜಾಸ್ತಿ. ಮೊದಲನೇ ದಿನದ ಥರ ವೈಫೈ, ಗೇಮ್ ಮೋಡ್ ಇಲ್ಲ: 40 ಫ್ರೇಮು, ಸುಮಾರು 167 ಮಿಲಿಸೆಕೆಂಡು. ವೈರು, ಗೇಮ್ ಮೋಡ್, ಯುಎಸ್‌ಬಿ: 22 ಫ್ರೇಮು, ಅಂದ್ರೆ 92. ಇಂಟರ್‌ನೆಟ್ ಪ್ಲಾನು ಅದೇ, ಒಂದು ರೂಪಾಯಿ ಜಾಸ್ತಿ ಕಟ್ಟಿಲ್ಲ, ಕಾರು ಗೋಡೆಗೆ ಮುಂಚೆ ನಿಂತಿತು.

ಸ್ಟೆಪ್ 5: ಡೇಟಾ ಲೆಕ್ಕ

15 ಎಂಬಿಪಿಎಸ್ ಅಂದ್ರೆ ಗಂಟೆಗೆ ಹತ್ತಿರ ಹತ್ತಿರ 6.75 ಜಿಬಿ, 25 ಅಂದ್ರೆ 11.25. ದಿನಕ್ಕೆ 2 ಜಿಬಿ ಮೊಬೈಲ್ ಪ್ಯಾಕು 15 ಎಂಬಿಪಿಎಸ್‌ನಲ್ಲೇ 18 ನಿಮಿಷಕ್ಕೆ ಖಾಲಿ. ಮನೆ ಫೈಬರಿಗೆ ತಿಂಗಳಿಗೆ 3300 ಜಿಬಿ ಮಿತಿ ಇರೋ ಪ್ಲಾನುಗಳೇ ಬಹಳ, ದಿನಾ ಮೂರು ಗಂಟೆ 720ಪಿಯಲ್ಲಿ ಆಡಿದ್ರೂ 630 ದಾಟಲ್ಲ. ಹಾಟ್‌ಸ್ಪಾಟಲ್ಲಿ ಆಡೋ ಆಸೆ ಬಿಟ್ಬಿಡಿ.

ಸ್ಟೆಪ್ 6: ಒಂದೇ ತಿಂಗಳು ಕಟ್ಟಿ, ಆಟ ಮಾತ್ರ ಅಲ್ಲೇ ಕೊಂಡ್ಕೋಬೇಡಿ

ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ 2025ರ ನವೆಂಬರಲ್ಲಿ ಇಂಡಿಯಾಗೆ ಬಂತು, ಅವರದೇ ತಿಂಗಳ ಚಂದಾ ಗೇಮ್ ಪಾಸ್ ಜೊತೆ. ಜಿಯೋದವರದ್ದು ಜಿಯೋಗೇಮ್ಸ್ ಕ್ಲೌಡ್ ಇದೆ, ವಿಐನವರು 2024ರ ಮಾರ್ಚಲ್ಲಿ ಕ್ಲೌಡ್ ಪ್ಲೇ ಅಂತ ಶುರು ಮಾಡಿದ್ರು, ಅದ್ರಲ್ಲಿ ಮೊಬೈಲ್ ಆಟಗಳು. ಜಿಫೋರ್ಸ್ ನೌ ಇಂಡಿಯಾಗೆ ಬರುತ್ತೆ ಅಂತ 2025ರ ಜನವರಿಲಿ ಹೇಳಿದ್ರು, ಮೊದಲ ಆರು ತಿಂಗಳು ಅಂದಿದ್ದು ಮುಂದಕ್ಕೆ ಹೋಯ್ತು. ಐಫೋನ್ ಇದ್ರೆ ಸಫಾರಿ ಬ್ರೌಸರಲ್ಲೇ ತೆಗೀಬೇಕಾಗಬಹುದು, ಆಪಲ್‌ನವರು ಇಂಥ ಆ್ಯಪ್‌ಗಳಿಗೆ ಬಾಗಿಲು ತೆಗೆದಿದ್ದೇ 2024ರ ಜನವರಿಲಿ.

ವರ್ಷದ ಪ್ಯಾಕ್ ಯಾಕೆ ಬೇಡ ಅಂದ್ರೆ, ಈ ಧಂದೆಯಲ್ಲಿ ಅಂಗಡಿ ಮುಚ್ಚೋದು ಹೊಸದಲ್ಲ. ಆನ್‌ಲೈವ್ ಅಂತ ಒಂದು 2010ರಲ್ಲಿ ಶುರುವಾಗಿ 2015ರಲ್ಲಿ ಮುಚ್ಚಿತು. ಗೂಗಲ್ ಅಷ್ಟು ದೊಡ್ಡ ಕಂಪನಿ, 2019ರ ನವೆಂಬರಲ್ಲಿ ಸ್ಟೇಡಿಯಾ ಅಂತ ಇಂಥದ್ದೇ ಒಂದು ತಂದು 2023ರ ಜನವರಿ 18ಕ್ಕೆ ಬಂದ್ ಮಾಡ್ತು, ಅದೂ ಇಂಡಿಯಾಗೆ ಬರೋಕೆ ಮುಂಚೇನೇ. ಕೊಂಡ ಆಟದ ದುಡ್ಡು ವಾಪಸ್ ಕೊಟ್ರು ಅನ್ನಿ. ಎಲ್ಲರೂ ಹಂಗೆ ಕೊಡ್ತಾರೆ ಅಂತ ನಾನಂತೂ ನಂಬಲ್ಲ. ಆಟ ಕೊಂಡ್ಕೊಳ್ಳೋದೇ ಆದ್ರೆ ಸ್ಟೀಮ್ ಥರದ ಆನ್‌ಲೈನ್ ಪಿಸಿ ಗೇಮ್ ಅಂಗಡೀಲಿ ಕೊಂಡ್ಕೊಳ್ಳಿ, ನಾಳೆ ಪಿಸಿ ಬಂದ್ರೆ ಅದ್ರಲ್ಲೂ ಆಡ್ಬಹುದು. ಅಲ್ಲೂ ಒಂದು ಕೊಕ್ಕೆ ಇದೆ: 2020ರಲ್ಲಿ ಜಿಫೋರ್ಸ್ ನೌ ಎಲ್ಲರಿಗೂ ತೆರೆದ ತಿಂಗಳೊಳಗೇ ಆಟ ತಯಾರಿಸೋ ಕಂಪನಿಗಳಾದ ಆ್ಯಕ್ಟಿವಿಷನ್ ಬ್ಲಿಜರ್ಡು, ಬೆಥೆಸ್ಡಾದವರು ತಮ್ಮ ಆಟ ಅಲ್ಲಿಂದ ವಾಪಸ್ ತಗೊಂಡ್ರು. ಆಟ ನಿಮ್ಮದೇ, ಆದ್ರೆ ಆ ಕಂಪ್ಯೂಟರಲ್ಲಿ ಓಡಿಸೋ ಹಕ್ಕು ನಿಮ್ಮದಲ್ಲ.

ಮುಂದೆ ಬೆಳೆಯುತ್ತಾ ಅಂತ ಕೇಳಿದ್ರೆ, ದೊಡ್ಡವರು ಹಂಗೇ ಅಂದ್ಕೊಂಡಿದಾರೆ. ಮೈಕ್ರೋಸಾಫ್ಟ್ 68.7 ಬಿಲಿಯನ್ ಡಾಲರಿಗೆ ಆ್ಯಕ್ಟಿವಿಷನ್ ಕೊಳ್ಳೋಕೆ ಹೋದಾಗ 2023ರಲ್ಲಿ ಬ್ರಿಟನ್ನು ತಡೆದಿದ್ದು ಕ್ಲೌಡ್ ಗೇಮಿಂಗ್ ಕಾರಣಕ್ಕೇ, ಕೊನೆಗೆ ಸ್ಟ್ರೀಮಿಂಗ್ ಹಕ್ಕು ಯೂಬಿಸಾಫ್ಟ್ ಅನ್ನೋ ಇನ್ನೊಂದು ಗೇಮ್ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಅಕ್ಟೋಬರಲ್ಲಿ ವ್ಯವಹಾರ ಮುಗೀತು. ಆದ್ರೆ ಇದು ಸಿನಿಮಾ ಥರ ಅಗ್ಗ ಆಗುತ್ತೆ ಅಂತ ನನಗನ್ಸಲ್ಲ. ಸಿನಿಮಾ ಒಂದ್ಸಲ ರೆಡಿ ಮಾಡಿಟ್ರೆ ಲಕ್ಷ ಜನಕ್ಕೆ ಅದನ್ನೇ ಕಳಿಸ್ತಾರೆ, ಇಲ್ಲಿ ಆಡೋ ಒಬ್ಬೊಬ್ಬನಿಗೂ ಅಲ್ಲಿ ಗ್ರಾಫಿಕ್ಸ್ ಕಾರ್ಡಿನ ಒಂದು ಪಾಲು ಆ ಹೊತ್ತಲ್ಲೇ ದುಡೀಬೇಕು. ಅದಕ್ಕೇ ಸಾಯಂಕಾಲ ಕ್ಯೂ, ಅದಕ್ಕೇ ಗಂಟೆ ಲೆಕ್ಕದ ಮಿತಿ. ಗೇಮ್ ಪಾಸ್ ಅಲ್ಟಿಮೇಟ್ ಅಮೆರಿಕದಲ್ಲಿ 2025ರ ಅಕ್ಟೋಬರಲ್ಲಿ 19.99 ಡಾಲರಿಂದ ಒಂದೇ ಏಟಿಗೆ 29.99 ಆಯ್ತು. ಆಟೋಪೇ ಇದ್ರೆ ಯುಪಿಐ ಆ್ಯಪಲ್ಲಿ ಹೋಗಿ ಇವತ್ತೇ ಕ್ಯಾನ್ಸಲ್ ಮಾಡ್ಕೊಳ್ಳಿ.

ಸ್ಟೆಪ್ 7: ಕರೆಂಟು

ನಮ್ ಕಡೆ ಇದನ್ನ ಬಿಟ್ರೆ ಲೇಖನ ಅಪೂರ್ಣ. ರೌಟರಿಗೆ ಅಂತಲೇ ಪುಟ್ಟ ಯುಪಿಎಸ್ ಬರುತ್ತೆ, ಟಿಫಿನ್ ಬಾಕ್ಸ್ ಸೈಜು. ಅಡಾಪ್ಟರ್ ಮೇಲೆ 12 ವೋಲ್ಟ್ ಇದ್ಯಾ, ಎಷ್ಟು ಆಂಪಿಯರ್ ಅಂತ ಓದ್ಕೊಂಡು ಹೋಗಿ, ಫೈಬರ್ ಬಾಕ್ಸ್ ಬೇರೆ ರೌಟರ್ ಬೇರೆ ಇದ್ರೆ ಎರಡಕ್ಕೂ ಬೇಕು.

ಹೋದ ವಾರ ರಾತ್ರಿ ಭಾವನ ಮನೇಲಿದ್ದೆ, ಹುಡುಗ ಫುಟ್‌ಬಾಲ್ ಆಡ್ತಾ ಇದ್ದ, ಕರೆಂಟ್ ಹೋಯ್ತು, ಟಿವಿ ಆಫು. "ಈಗಲಾದ್ರೂ ಓದ್ಕೋತಾನೆ" ಅಂದ್ರು ಭಾವ ಕತ್ತಲಲ್ಲಿ. ಚಪ್ಪಲಿ ಸ್ಟ್ಯಾಂಡ್ ಮೇಲೆ ರೌಟರಿನ ಹಸಿರು ಲೈಟು ಹಂಗೇ ಮಿಣಿಮಿಣಿ ಅಂತಿತ್ತು. ಲೈನ್ ಕಡಿದ್ರೂ ಆ ಕಡೆ ಆಟ ಸ್ವಲ್ಪ ಹೊತ್ತು ಕಾಯ್ಕೊಂಡಿರುತ್ತೆ. ಇವನು ಫೋನ್ ತೆಗೆದು ಲಾಗಿನ್ ಆಗಿ, ಬಾಲು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು ಹಚ್ಕೊಂಡ.